ಪೇಲೆ ದೇವಿಯ ಕಲ್ಲು ಮತ್ತು ನನ್ನ ಪತ್ತೇದಾರಿ

ಚಳ್ಳಕೆರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಪಂಪ್‌ಸೆಟ್ ಅಂಗಡಿ ಇಟ್ಟುಕೊಂಡವನು ನಾನು. ಆರುನೂರು ಅಡಿ ಆಳದಲ್ಲಿ ಮೋಟರ್ ಯಾಕೆ ಕೆಟ್ಟು ಕೂತಿದೆ ಎಂದು ಮೇಲೆ ನಿಂತೇ ಹೇಳಬಲ್ಲೆ. ಹೀಗಿರುವಾಗ ಮೂರು ಕೋಣೆಯ ಮನೆಯಲ್ಲಿ ಕಳೆದುಹೋದ ಒಂದು ಕಲ್ಲನ್ನು ಹುಡುಕುವುದು ನನಗೆ ಯಾವ ಲೆಕ್ಕ! ಅರ್ಧ ಗಂಟೆಯ ಕೆಲಸ ಎಂದು ಪ್ಯಾಂಟಿನ ಬೆಲ್ಟು ಬಿಗಿದುಕೊಂಡೇ ಪತ್ತೇದಾರಿಗೆ ಇಳಿದೆ.

ಕಲ್ಲಿನ ಕಥೆ ಮೊದಲು ಹೇಳಬೇಕು. ಹೆಚ್ಚು ಪಂಪು ಮಾರಿದ ಡೀಲರುಗಳನ್ನು ಕಂಪನಿಯವರು ಹವಾಯಿ ದ್ವೀಪಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದರು. ಅಲ್ಲೊಂದು ಬೆಂಕಿ ಉಗುಳುವ ಬೆಟ್ಟ. ಗೈಡು ಕೈಮುಗಿಯದಿದ್ದರೂ ಕೈಮುಗಿದವನಂತೆಯೇ ಹೇಳಿದ: "ಇದು ಪೇಲೆ ದೇವಿಯ ಮನೆ. ಬೆಂಕಿಯ ತಾಯಿ. ಮುದುಕಿಯ ವೇಷದಲ್ಲಿ ದಾರಿಯಲ್ಲಿ ನಿಂತು ಜನರನ್ನು ಪರೀಕ್ಷೆ ಮಾಡುತ್ತಾಳೆ. ಇಲ್ಲಿಂದ ಒಂದು ಕಲ್ಲನ್ನೂ ಒಯ್ಯಬೇಡಿ. ಒಯ್ದವರು ಉದ್ಧಾರವಾಗಿಲ್ಲ." ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಆಡಿಸುತ್ತಲೇ ಬಗ್ಗಿ, ಮುಷ್ಟಿ ಗಾತ್ರದ ಕರಿಕಲ್ಲೊಂದನ್ನು ಜೇಬಿಗಿಳಿಸಿದೆ. ನಮ್ಮ ಸೀಮೆಯಲ್ಲಿ ಏನಿಲ್ಲದಿದ್ದರೂ ಕಲ್ಲಿಗೆ ಬರವಿಲ್ಲ. ಅಂಥ ಊರಿನವನು ಸಮುದ್ರ ದಾಟಿ ಹೋಗಿ ಕಲ್ಲು ಕದ್ದೆ!

ಊರಿಗೆ ಬಂದ ವಾರದಲ್ಲೇ ಅಂಗಡಿಯ ಡೆಮೊ ಮೋಟರ್ ಸುಟ್ಟಿತು. ಮರುವಾರ ಶೇಂಗಾ ಎಣ್ಣೆಯ ಡಬ್ಬಿ ಉರುಳಿ, ಅದರ ಮೇಲೆ ನಾನು ಉರುಳಿದೆ. ನನ್ನ ಹೆಂಡತಿ ವಿಶಾಲಾಕ್ಷಿ ಮೊಬೈಲಿನಲ್ಲಿ ಏನೋ ಓದಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ರೀ, ಕಲ್ಲು ತಂದೋರೆಲ್ಲ ತಪ್ಪಾಯ್ತು ಅಂತ ಕಾಗದ ಬರ್ದು ಪೋಸ್ಟಲ್ಲಿ ವಾಪಸ್ ಕಳಿಸ್ತಾರಂತೆ. ನಾಳೆ ಬೆಳಗ್ಗೆ ಇದು ಮನೆಯಿಂದ ಹೋಗ್ಬೇಕು, ಅಷ್ಟೆ!"

ಅಂದೇ, ಭಾನುವಾರ ಸಂಜೆ, ಕಲ್ಲನ್ನು ಶೋಕೇಸಿನಿಂದ ತೆಗೆದು ಮೇಜಿನ ಮೇಲಿಟ್ಟು ಕ್ಷಮಾಪಣಾ ಪತ್ರಕ್ಕೆ ಕೂತೆ. ಅಷ್ಟರಲ್ಲಿ ಕೊಂಡ್ಲಹಳ್ಳಿಯ ರೈತ ಪಾಲಯ್ಯನ ಫೋನು. ಅವನ ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್, ಸವೆದು ಹೋಗಿತ್ತು. ಈರುಳ್ಳಿ ಒಣಗುತ್ತಿದೆ, ಬೆಳಗಿನ ಮೊದಲ ಬಸ್ಸಿಗೇ ಹೊಸದನ್ನು ಕಳಿಸಿ ಎಂದ. ನಮ್ಮಲ್ಲಿ ಇದೇ ಪದ್ಧತಿ. ಮೊಳಕಾಲ್ಮುರು ಬಸ್ಸಿನ ಕಂಡಕ್ಟರ್ ಕೈಗೆ ಡಬ್ಬಿ ಕೊಟ್ಟರೆ ಸಾಕು, ರೈತ ಸ್ಟಾಪಿನಲ್ಲಿ ನಿಂತು ಇಸಿದುಕೊಳ್ಳುತ್ತಾನೆ. ಮನೆಯಲ್ಲಿದ್ದ ಹೊಸ ಇಂಪೆಲ್ಲರ್ ಒಂದನ್ನು ಅದೇ ಮೇಜಿಗೆ ತಂದು, ಫೋನು ಕಿವಿಗೆ ಒತ್ತಿಕೊಂಡೇ ಡಬ್ಬಿ ಕಟ್ಟಿ, ಟೇಪು ಸುತ್ತಿ, ಹೆಸರು ಬರೆದಿಟ್ಟೆ. ಬೆಳಗ್ಗೆ ಬಸ್ಸಿಗೆ ಕೊಟ್ಟು ಬಂದು ನೋಡಿದರೆ, ಮೇಜಿನ ಮೇಲೆ ಕಲ್ಲಿಲ್ಲ!

"ಕಳ್ಳತನ!" ಎಂದು ಘೋಷಿಸಿದೆ.

"ಕಲ್ಲನ್ನ ಯಾರ್ರೀ ಕದೀತಾರೆ?" ಎಂದಳು ವಿಶಾಲು.

ನಾನು ಕದ್ದಿದ್ದೆನಲ್ಲ ಎಂಬುದು ಆಗ ನನಗೂ ಹೊಳೆಯಲಿಲ್ಲ. ನನ್ನ ಮೊದಲ ಶಂಕಿತ ಪಕ್ಕದ ಮನೆಯ ಹನುಮಂತರಾಯ. ಎರಡು ದಿನದ ಹಿಂದೆ ಆ ಕಲ್ಲನ್ನು ಕೈಯಲ್ಲಿ ಹಿಡಿದು, "ಏನ್ ತೂತಪ್ಪಾ ಇದಕ್ಕೆ! ಹಿಮ್ಮಡಿ ಉಜ್ಜಾಕೆ ಹೇಳಿ ಮಾಡ್ಸಿದಂಗೈತೆ" ಎಂದಿದ್ದ. ಸುಳಿವು ಸಿಕ್ಕಿತು! ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ಹತ್ತಿ, ಅವನ ಬಚ್ಚಲ ಕಿಂಡಿಯಲ್ಲಿ ಇಣುಕಿದೆ. ಒಳಗೆ ಕಲ್ಲಿತ್ತೋ ಇಲ್ಲವೋ ಗೊತ್ತಿಲ್ಲ, ಹನುಮಂತರಾಯನಂತೂ ಇದ್ದ. ಮೈಗೆಲ್ಲ ಸೋಪು.

"ಲೇ ಶೇಖರಪ್ಪ, ಏನ್ಲೇ ಅದು? ವಯಸ್ಸಿಗೆ ಮರ್ಯಾದೆ ಬ್ಯಾಡ್ವಾ ನಿಂಗೆ?"

ಬಕೆಟ್ಟು ಒಡೆಯಿತು. ತನಿಖೆಯ ದಾರಿಯಲ್ಲಿ ಇಂಥವೆಲ್ಲ ಸಹಜ ಎಂದು ಮೊಣಕಾಲು ಉಜ್ಜಿಕೊಳ್ಳುತ್ತ ಮನೆಗೆ ಬಂದೆ. ನಡುವೆ ಪಾಲಯ್ಯನ ಫೋನು ನಾಲ್ಕು ಸಲ ಬಂತು. ತನಿಖಾಧಿಕಾರಿಯಾದವನು ಕೆಲಸದ ಮಧ್ಯೆ ಫೋನು ಎತ್ತಬಾರದು. ನಾಲ್ಕನ್ನೂ ಕಟ್ ಮಾಡಿದೆ.

ಆಗ ನೆನಪಾದದ್ದು ನಮ್ಮ ತಾತನ ಕಾಲದ ವಿಧಾನ, ಅಕ್ಕಿ ಅಗಿಸುವುದು. ಮನೆಯಲ್ಲಿ ಏನಾದರೂ ಕಳೆದರೆ ದೇವರ ಮುಂದೆ ಎಲ್ಲರ ಬಾಯಿಗೂ ಒಂದು ಹಿಡಿ ಅಕ್ಕಿ ಹಾಕಿ ಅಗಿಯಲು ಹೇಳುತ್ತಿದ್ದರು. ಕದ್ದವನ ಬಾಯಿ ಹೆದರಿಕೆಗೆ ಒಣಗಿರುತ್ತದೆ, ಹಾಗಾಗಿ ಅವನು ಉಗಿದ ಅಕ್ಕಿ ಒಣಗಿಯೇ ಬರುತ್ತದೆ. ಪೊಲೀಸೂ ಬೇಡ, ನಾಯಿಯೂ ಬೇಡ!

ಮನೆಯಲ್ಲಿ ಅಗಿಯುವುದಕ್ಕೆ ಇದ್ದವರು ಇಬ್ಬರೇ. ಒಬ್ಬಳು ವಿಶಾಲು. ಇನ್ನೊಬ್ಬರು ಹದಿನೆಂಟು ವರ್ಷದಿಂದ ನಮ್ಮ ಮನೆಗೆಲಸ ಮಾಡಿಕೊಂಡು ಬಂದ ಓಬಜ್ಜಿ. ಎಪ್ಪತ್ತು ದಾಟಿದ ಜೀವ. ಗಂಡ ಹುಲ್ಲುಗಾವಲಿನಲ್ಲಿ ದೇವರಿಗೆ ಬಿಟ್ಟ ದನ ಕಾಯುತ್ತಿದ್ದವರು. ದೇವರ ಹಸುವಿನ ಮೀಸಲು ಹಾಲನ್ನು, ಮಕ್ಕಳು ಹಸಿದು ಅತ್ತರೂ, ಬೆರಳಲ್ಲಿ ಮುಟ್ಟದ ಮನೆ ಅವರದು. ನಮ್ಮ ಬೀರುವಿನ ಕೀಲಿಕೈ ಓಬಜ್ಜಿಯ ಸೊಂಟದಲ್ಲೇ ಇರುತ್ತಿತ್ತು.

"ಅವರಿಗೆ ಬೇಡ ಕಣ್ರೀ" ಎಂದಳು ವಿಶಾಲು.

"ಕಾನೂನು ಎಲ್ಲರಿಗೂ ಒಂದೇ!" ಎಂದೆ. ಆ ಮಾತಾಡಿದ ಬಾಯಿಗೆ ಮಣ್ಣು ಹಾಕಬೇಕಿತ್ತು.

ವಿಶಾಲು ಸಿಟ್ಟಿನಿಂದ ಅಗಿದಳು. ಅಕ್ಕಿ ನೆನೆದು ಹಿಟ್ಟಾಗಿ ಬಂತು. ಓಬಜ್ಜಿ ನನ್ನ ಮುಖವನ್ನೇ ನೋಡುತ್ತ ಇದ್ದ ನಾಲ್ಕು ಹಲ್ಲಿನಲ್ಲಿ ಅಗಿದು ಅಂಗೈಗೆ ಉಗಿದರು. ಅಕ್ಕಿ ಚೀಲದಿಂದ ಈಗ ತಾನೇ ತೆಗೆದಂತಿತ್ತು. ಒಂದು ಕಾಳೂ ಒದ್ದೆಯಾಗಿರಲಿಲ್ಲ.

"ಓಹೋ!" ಎಂದುಬಿಟ್ಟೆ.

ಅಷ್ಟೇ. ಒಂದೇ ಒಂದು 'ಓಹೋ'. ಓಬಜ್ಜಿ ಅಕ್ಕಿಯನ್ನು ಗಿಡದ ಬುಡಕ್ಕೆ ಹಾಕಿ, ಕೈ ತೊಳೆದು, ಸೊಂಟದ ಕೀಲಿಕೈ ಬಿಚ್ಚಿ ಹೊಸ್ತಿಲ ಮೇಲಿಟ್ಟರು.

"ಬರ್ತೀನಿ ಕಣವ್ವ" ಎಂದರು ವಿಶಾಲುಗೆ. ಅವರ ಚಪ್ಪಲಿಯ ಸದ್ದು ಬೀದಿಯ ತಿರುವಿನ ತನಕ ಕೇಳಿಸಿತು.

ವಿಶಾಲು ನನ್ನ ಕಡೆ ತಿರುಗಿದಳು. ಬೆಂಕಿ ಬೆಟ್ಟ ನೋಡಲು ಹವಾಯಿಗೆ ಹೋಗುವ ಅಗತ್ಯವೇ ಇರಲಿಲ್ಲ.

"ಇವತ್ತು ಸೋಮವಾರ. ಅಜ್ಜಿ ಒಂದೊತ್ತು, ಬೆಳಗ್ಗಿಂದ ಹನಿ ನೀರು ಕುಡ್ದಿಲ್ಲ. ಬಾಯಲ್ಲಿ ಎಂಜಲು ಎಲ್ಲಿಂದ ಬರ್ಬೇಕು? ಮುದುಕಿ ವೇಷದಲ್ಲಿ ಬಂದು ದೇವಿ ಪರೀಕ್ಷೆ ಮಾಡ್ತಾಳೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದ್ರಲ್ಲ, ಮಾಡಿದ್ಲು ನೋಡಿ! ಸೊನ್ನೆ ಮಾರ್ಕು!"

ಅದೇ ಹೊತ್ತಿಗೆ ಐದನೇ ಸಲ ಫೋನು ಹೊಡೆದುಕೊಂಡಿತು. ಈ ಸಲ ಎತ್ತಿದೆ.

"ಶೇಖರಣ್ಣಾ, ಏನಣ್ಣಾ ನಿನ್ ಕತೆ? ಇಂಪೆಲ್ಲರ್ ಕಳ್ಸು ಅಂದ್ರೆ ಕಲ್ಲು ಕಳ್ಸೀಯಲ್ಲ! ನಮ್ಮವ್ವ ಡಬ್ಬಿ ಬಿಚ್ಚಿ, 'ಅಯ್ಯೋ, ಯಾವ್ದೋ ಅಮ್ಮವಾರು ಬಸ್ಸಾಗೆ ಬಂದವ್ಳೆ' ಅಂತ ಅರಿಶಿಣ ಕುಂಕುಮ ಇಕ್ಕಿ ಕುಂದ್ರಿಸವ್ಳೆ. ದೇವ್ರು ಬಂದ್ಲು ಸರಿ, ನನ್ನ ಈರುಳ್ಳಿಗೆ ನೀರು ಯಾವಾಗ ಬತ್ತೈತೆ?"

ಓಡಿಹೋಗಿ ಸ್ಕೂಟರಿನ ಡಿಕ್ಕಿ ತೆಗೆದೆ. ಇಂಪೆಲ್ಲರ್ ಅಲ್ಲೇ ತಣ್ಣಗೆ ಮಲಗಿತ್ತು! ಫೋನಿನಲ್ಲಿ ಮಾತಾಡುತ್ತ ಅದನ್ನು ಡಿಕ್ಕಿಗೆ ಹಾಕಿ, ಕಲ್ಲನ್ನು ಡಬ್ಬಿಗೆ ಹಾಕಿದ ಮಹಾನುಭಾವ ನಾನೇ. ನನಗೆ ನಾಚಿಕೆಯಾಯಿತು.

ಕೊಂಡ್ಲಹಳ್ಳಿಗೆ ಹೋಗಿ, ಇಂಪೆಲ್ಲರ್ ಕೊಟ್ಟು, ಕಲ್ಲು ಇಸಿದುಕೊಂಡು, ಅಲ್ಲಿಂದ ನೇರವಾಗಿ ಊರಾಚೆಯ ಹಟ್ಟಿಯಲ್ಲಿರುವ ಓಬಜ್ಜಿಯ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕೂತಿದ್ದರು. ಏನೂ ಬಚ್ಚಿಡದೆ ಎಲ್ಲ ಹೇಳಿದೆ. ಬೆಟ್ಟ, ದೇವಿ, ಗೈಡಿನ ಮಾತು, ಡಬ್ಬಿ, ಬಸ್ಸು. ಅಜ್ಜಿ ಕಲ್ಲನ್ನು ಕೈಗೆ ತೆಗೆದುಕೊಂಡು ಸವರಿದರು.

"ತಗಬ್ಯಾಡಿ ಅಂದ್ರೂ ತಂದ್ಯಾ?"

"ಹೂಂ ಅಜ್ಜಿ."

"ಯಾರ್ನೂ ಕೇಳ್ದೆ?"

"ಹೂಂ."

"ಹಂಗಾರೆ ಕದ್ದೋನು ನೀನು. ಅಕ್ಕಿ ಇಕ್ಕಿದ್ದು ನನ್ ಬಾಯಿಗೆ."

ಹದಿನೆಂಟು ವರ್ಷದಲ್ಲಿ ಅವರು ನನ್ನನ್ನು 'ನೀನು' ಎಂದದ್ದು ಅದೇ ಮೊದಲು. ನಾನು ತಲೆ ಎತ್ತಲಿಲ್ಲ. ಕಾಲಿಗೆ ಬಿದ್ದೆ. ಹಟ್ಟಿಯ ಜನ ನೋಡುತ್ತಿದ್ದರು, ನೋಡಲಿ ಎಂದುಕೊಂಡೆ. ಅಜ್ಜಿ ಕಲ್ಲನ್ನು ಮಡಿಲಿಗೆ ಹಾಕಿಕೊಂಡು, "ಏಳಪ್ಪ, ಆ ಹೆಣ್ಮಗಳನ್ನ ಮೊದ್ಲು ತೌರಿಗೆ ಕಳ್ಸಾನ" ಎಂದರು.

ಮರುದಿನ ನಮ್ಮ ಮನೆಯಲ್ಲಿ ಪೇಲೆ ದೇವಿಗೆ ಬೀಳ್ಕೊಡುಗೆ. ಹೆಣ್ಣುಮಗಳನ್ನು ಬರಿಗೈಲಿ ಕಳಿಸುವುದುಂಟೇ ಎಂದು ಓಬಜ್ಜಿ ಕುಬುಸದ ಬಟ್ಟೆಯಲ್ಲಿ ಕಲ್ಲನ್ನು ಸುತ್ತಿ ಮಡಿಲು ತುಂಬಿದರು. ತೆಂಗಿನಕಾಯಿ ಇಡುವುದೊಂದನ್ನು ವಿಶಾಲು ಹೇಗೋ ತಪ್ಪಿಸಿದಳು. ಡಬ್ಬಿ ಕಟ್ಟಲು ನನ್ನನ್ನು ಬಿಡಲಿಲ್ಲ. ನನ್ನ ಪಾಲಿಗೆ ಉಳಿದದ್ದು ಪತ್ರ.

"ಓದು" ಎಂದರು ಓಬಜ್ಜಿ.

"ತಾಯೀ, ಆಕಸ್ಮಿಕವಾಗಿ ತಮ್ಮ ಒಂದು ಕಲ್ಲು ನನ್ನ ಜೇಬಿಗೆ ಬಂದು ಬಿದ್ದುದರಿಂದ..."

"ಕಲ್ಲಿಗೇನ್ ಕಾಲೈತಾ? ಸರ್ಯಾಗಿ ಬರಿ."

ಹೊಸ ಹಾಳೆ ತೆಗೆದು, 'ಕದ್ದವನು ನಾನು' ಎಂದು ಬರೆದೆ.

"ಆ ದೇವಿಗೆ ಕನ್ನಡ ಬರುತ್ತಾ ಅಜ್ಜಿ?" ಎಂದಳು ವಿಶಾಲು.

"ದೇವ್ರಿಗೆ ಬರ್ದಿರೋ ಮಾತು ಯಾವ್ದೈತವ್ವ?" ಎಂದ ಅಜ್ಜಿ, ನನ್ನ ಹತ್ತಿರ ಸರಿದು ಮೆತ್ತಗೆ ಕೇಳಿದರು: "ನನ್ ಹೆಸ್ರೂ ಬರೀತೀಯೇನಪ್ಪ?"

"ನಿಮ್ಮ ಹೆಸರು ಯಾಕಜ್ಜಿ?"

"ಓಬಮ್ಮ ಕದ್ದಿಲ್ಲ ಅಂತ ಬರಿ. ಆ ತಾಯಿಗೂ ಗೊತ್ತಿರ್ಲಿ."

'ಓಬಮ್ಮ ಕದ್ದಿಲ್ಲ' ಎಂದು ದಪ್ಪ ಅಕ್ಷರದಲ್ಲಿ ಬರೆದು, ಅಂಗಡಿಯ ಸೀಲು ಒತ್ತಿ, ಸಹಿ ಹಾಕಿದೆ. ಆ ಸೀಲು ಒತ್ತಿ ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಗ್ಯಾರಂಟಿ ಕೊಟ್ಟಿದ್ದೇನೆ. ಧೈರ್ಯವಾಗಿ ನಂಬಬಹುದಾದದ್ದು ಈ ಗ್ಯಾರಂಟಿಯೊಂದೇ!