ಬೊಗ್ಗನ ಒಪ್ಪತ್ತು

ಸರ್ವೋತ್ತಮ: ಹೊಟ್ಟೆ ಉಬ್ಬಿಸ್ಬೇಡ ಮಾರಾಯ. ಸರಿಯಾಗಿ ನಿಲ್ಲು. ಉಸಿರು ಬಿಡು.

ಹರಿಣಾಕ್ಷಿ: ನಾಯಿ ಎಲ್ಲಿಯಾದ್ರೂ ಬೇಕೂಂತ ಹೊಟ್ಟೆ ಉಬ್ಬಿಸ್ತದಾ? ಅಳತೆಗೆ ನಿಂತಾಗ ಹೊಟ್ಟೆ ಹಿಂದೆ ಮುಂದೆ ಮಾಡುದೆಲ್ಲ ನಿಮ್ಮ ಗಿರಾಕಿಗಳು. ಎಷ್ಟು ಬಂತು, ಅದು ಹೇಳಿ.

ಸರ್ವೋತ್ತಮ: ಈ ಟೇಪು ಹಳೇದು. ಸ್ವಲ್ಪ ಜಗ್ಗಿದೆ.

ಹರಿಣಾಕ್ಷಿ: ಜಗ್ಗಿದ ಟೇಪಿನಲ್ಲಿ ಅಳತೆ ಕಡಿಮೆ ಬರ್ಬೇಕು. ಎಷ್ಟು?

ಸರ್ವೋತ್ತಮ: ಮೂವತ್ತೆರಡು.

ಹರಿಣಾಕ್ಷಿ: ಅಯ್ಯೋ ದೇವರೇ! ನಿಮ್ಮ ಸೊಂಟವನ್ನು ದಾಟಿ ಹೋದ!

ಸರ್ವೋತ್ತಮ ಟೇಪನ್ನು ಕೊರಳಿಗೆ ಹಾಕಿಕೊಂಡು ಜಗಲಿಯ ಮೆಟ್ಟಿಲ ಮೇಲೆ ಕುಸಿದ. ಪುತ್ತೂರು ಪೇಟೆಯ ದರ್ಬೆಯಲ್ಲಿ, ರಸ್ತೆ ಬದಿಗೆ ಅವನದೊಂದು ಹೊಲಿಗೆ ಅಂಗಡಿ. ಊರ ಗೋಡೆಗಳ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಇನ್ನೂ ಮಾಸಿರದ ಕಾಲ ಅದು. ಇದ್ದೊಬ್ಬ ಮಗ ಮಂಗಳೂರಿನ ಹಾಸ್ಟೆಲು ಸೇರಿದ ಮೇಲೆ ಮನೆಯಲ್ಲಿ ಉಳಿದದ್ದು ಅವನು, ಹೆಂಡತಿ ಹರಿಣಾಕ್ಷಿ ಮತ್ತು ಬೊಗ್ಗ. ಈ ಬೊಗ್ಗ ಎಂಬ ಕೆಂಚು ನಾಯಿ ಪುತ್ತೂರಿನ ಅಷ್ಟ ದಿಕ್ಕಿಗೂ ಸಂಬಂಧ ಬೆಳೆಸಿ, ಪ್ರತಿ ಸಲವೂ ಕಚ್ಚಾಡಿ ಕಿವಿ ಹರಿದುಕೊಂಡು ಬರುತ್ತಿದ್ದುದರಿಂದ ಸರ್ವೋತ್ತಮನೇ ಮುಂದೆ ನಿಂತು ಅದಕ್ಕೆ ಆಪರೇಶನ್ ಮಾಡಿಸಿದ್ದ. ಅಲೆದಾಟವೇನೋ ನಿಂತಿತು. ಆದರೆ ನಾಯಿ ದಿನದಿಂದ ದಿನಕ್ಕೆ ಊದುತ್ತ ಹೋಯಿತು. ನಾಯಿ ತೂಗುವ ತಕ್ಕಡಿ ಎಲ್ಲಿಂದ ತರುವುದು? "ನೀವು ಟೈಲರ್ ಅಲ್ವಾ, ಆಗಾಗ ಟೇಪು ಹಿಡಿದು ನೋಡಿ" ಎಂದು ಜಾನುವಾರು ಡಾಕ್ಟರು ಹೇಳಿದ್ದರು. ಹಿಡಿದಾಗಲೆಲ್ಲ ಟೇಪು ಕೆಟ್ಟ ಸುದ್ದಿಯನ್ನೇ ಹೇಳುತ್ತಿತ್ತು.

ಹರಿಣಾಕ್ಷಿ: ನಿಮಗೆ ಆಗ್ಲೇ ಹೇಳಿದ್ದೆ. ದೇವರು ಕೊಟ್ಟದ್ದನ್ನು ಕತ್ತರಿಸಿ ತೆಗಿಬೇಡಿ ಅಂತ. ಕತ್ತರಿ ಕಂಡರೆ ಸಾಕು ನಿಮಗೆ.

ಸರ್ವೋತ್ತಮ: ಕತ್ತರಿ ಹಿಡಿದದ್ದು ನಾನಾ? ಡಾಕ್ಟ್ರು.

ಹರಿಣಾಕ್ಷಿ: ಊರಿಡೀ ಹೇಳಿಕೊಂಡು ಬಂದದ್ದು ಯಾರು? "ಮೊನ್ನೆ ನಮ್ಮಲ್ಲಿ ಆಪರೇಶನ್ ಆಯ್ತು" ಅಂತ. ಆಚೆ ಮನೆ ಪಂಕಜಾಕ್ಷಿ ನಿಮಗೇ ಆದದ್ದು ಅಂತ ಎಣಿಸಿ ನಾಟಿಕೋಳಿ ಮೊಟ್ಟೆ ತಂದುಕೊಟ್ಟಳು. "ಭಾರ ಎತ್ತಲಿಕ್ಕೆ ಬಿಡ್ಬೇಡಿ ಅಕ್ಕ" ಅಂತ ನನಗೆ ಬುದ್ಧಿ ಬೇರೆ!

ಸರ್ವೋತ್ತಮ: ಮತ್ತೆ ಅಂಗಡಿಗೂ ಬಂದಿದ್ದಳು. "ಹೊಲಿಗೆ ಬಿಚ್ಚಿ ಆಯ್ತಾ ಅಣ್ಣ?" ಅಂತ ಕೇಳಿದಳು.

ಹರಿಣಾಕ್ಷಿ: ನೀವೆಂತ ಹೇಳಿದ್ರಿ?

ಸರ್ವೋತ್ತಮ: ಅವಳ ರವಕೆ ಅಂತ ಎಣಿಸಿದೆ. "ಬಿಚ್ಚಿದೆ, ಎರಡು ಇಂಚು ಸಡಿಲ ಬಿಟ್ಟು ಪುನಃ ಹಾಕಿದೆ, ಈಗ ಎಂತ ಬಿಗಿತ ಇಲ್ಲ" ಅಂದೆ.

ಹರಿಣಾಕ್ಷಿ: ಅದಕ್ಕೇ ಅವಳು ನಿಮ್ಮನ್ನು ಕಂಡರೆ ಗದ್ದೆಗೆ ಇಳಿದು ಹೋಗುದು!

ಹರಿಣಾಕ್ಷಿಗೆ ನಗು ಬಂದಿತ್ತು. ಆದರೆ ಅಷ್ಟರಲ್ಲಿ ಬೊಗ್ಗ ಮೆಟ್ಟಿಲು ಹತ್ತಲು ಹೊರಟು, ಎರಡನೆಯದರಲ್ಲೇ ನಿಂತು ತಿದಿಯೊತ್ತಿದಂತೆ ಏದುಸಿರು ಬಿಟ್ಟಿತು. ಅವಳ ನಗು ಅಲ್ಲೇ ಆರಿತು.

ಹರಿಣಾಕ್ಷಿ: ನೋಡಿ, ಎರಡು ಮೆಟ್ಟಿಲು ಹತ್ತಲಿಕ್ಕೆ ಆಗುದಿಲ್ಲ. ಹೀಗೇ ಬಿಟ್ಟರೆ ಹೃದಯ ನಿಲ್ತದೆ ಅಂತ ಡಾಕ್ಟ್ರು ಹೇಳಿದ್ದಾರೆ. ನಾಳೆ ಗುತ್ತಿಗಾರಿನಿಂದ ಅಣ್ಣನ ಜೀಪು ಬರ್ಲಿಕ್ಕುಂಟು. ಬೊಗ್ಗನನ್ನು ಅದರಲ್ಲಿ ಕಳಿಸುವ. ಅಲ್ಲಿ ಗುಡ್ಡೆ ಹತ್ತಿ ಇಳಿದರೆ ಬೇಗ ಕರಗ್ತಾನೆ.

ಸರ್ವೋತ್ತಮ: ಆಗ್ಲಿಕ್ಕಿಲ್ಲ. ಗುತ್ತಿಗಾರಿನಲ್ಲಿ ಚಿರತೆ ಉಂಟು. ಮನೆ ಬಾಗಿಲಿಗೇ ಬಂದು ನಾಯಿ ಹೊತ್ತುಕೊಂಡು ಹೋಗ್ತದೆ.

ಹರಿಣಾಕ್ಷಿ: ಇವನನ್ನು ಹೊರಲಿಕ್ಕೆ ಎರಡು ಚಿರತೆ ಬೇಕು.

ಸರ್ವೋತ್ತಮ: ನಿನಗೆ ತಮಾಷೆ. ನಾನು ದಿನಾ ಅವನನ್ನು ನಡೆಸುದಿಲ್ವಾ?

ಹರಿಣಾಕ್ಷಿ: ನಡೆಸುದು! ಹೋಗುವಾಗ ಇಳಿಜಾರು, ನಡಿತಾನೆ. ಬರುವಾಗ ಚಡಾವು, ನಿಮ್ಮ ಸೈಕಲಿನ ಕ್ಯಾರಿಯರ್‌ನಲ್ಲಿ ಕೂತುಕೊಳ್ತಾನೆ. ನೀವು ತಳ್ಳಿಕೊಂಡು ಬರ್ತೀರಿ. ಕರಗಿದ್ದು ಯಾರು? ನಿಮ್ಮ ಪ್ಯಾಂಟು ಜಾರ್ತಾ ಉಂಟು.

ಸರ್ವೋತ್ತಮ ಪ್ಯಾಂಟನ್ನು ಮೇಲಕ್ಕೆ ಎಳೆದುಕೊಂಡ. ಅದು ನಿಜಕ್ಕೂ ಜಾರುತ್ತಿತ್ತು. ಬೊಗ್ಗ ಕಣ್ಣು ಬಿಡುವ ಮೊದಲೇ ಅಂಗಡಿಯ ಚಿಂದಿ ಬಟ್ಟೆಯ ರಾಶಿಯಲ್ಲಿ ಸಿಕ್ಕಿದ ಮರಿ. ಹೊಲಿಗೆ ಮಿಷನ್ನಿನ ಪೆಡಲಿನ ಪಕ್ಕದಲ್ಲಿ ಅದು ಮಲಗಿರದಿದ್ದರೆ ಸರ್ವೋತ್ತಮನಿಗೆ ಕಾಲೇ ಓಡುತ್ತಿರಲಿಲ್ಲ. ನಾಳೆ ಅದನ್ನು ಜೀಪು ಹತ್ತಿಸಿ ಬಿಡುವುದನ್ನು ಅವನಿಂದ ನೆನೆಯಲೂ ಆಗಲಿಲ್ಲ. ಹಾಗಾಗುವಾಗಲೆಲ್ಲ ಅವನು ಮಾಡುವ ಕೆಲಸ ಒಂದೇ, ಹೆಂಡತಿಯ ಮೇಲೆ ತಪ್ಪು ಹೊರಿಸುವುದು.

ಸರ್ವೋತ್ತಮ: ನೀನು ಕದ್ದು ಅನ್ನ ಹಾಕ್ತಾ ಇದ್ದೀ.

ಹರಿಣಾಕ್ಷಿ: ಎಂತ? ನಾನಾ? ಡಾಕ್ಟ್ರು ರಾತ್ರಿ ಊಟ ಕೊಡ್ಬೇಡಿ ಅಂದ ದಿನದಿಂದ ಅವನಿಗೆ ದಿನಾ ಒಪ್ಪತ್ತು. ನಿಮಗೆ ಶನಿವಾರ ಒಂದು ದಿನ, ಅವನಿಗೆ ವಾರವಿಡೀ. ಒಂದು ಅಗುಳು ಅನ್ನ ಹಾಕಿದ್ದರೆ ನನ್ನ ಕೈ ಸೇದಿಹೋಗ್ಲಿ!

ಅಷ್ಟು ಹೊತ್ತಿಗೆ ಗೇಟು ಕಿರುಗುಟ್ಟಿತು. ಜಾನುವಾರು ಡಾಕ್ಟರು ಮಾಥ್ಯೂ ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಳಗೆ ಬಂದರು. ಕಡಬದ ಕಡೆ ರಬ್ಬರು ಹಾಕಿದ ಕೇರಳದ ಕುಟುಂಬದವರು ಅವರು. ಶನಿವಾರ ಊರಿಗೆ ಹೋಗುವ ಬಸ್ಸಿಗೆ ಮುಂಚೆ ಬೊಗ್ಗನನ್ನು ನೋಡಿ ಹೋಗುವುದೆಂದು ಮಾತಾಗಿತ್ತು. ಅವರು ಬೊಗ್ಗನ ಹೊಟ್ಟೆಯ ಕೆಳಗೆ ಕೈ ಹಾಕಿ ಎತ್ತಲು ನೋಡಿದರು. ನಾಯಿ ಮೇಲೇಳುವ ಬದಲು ಡಾಕ್ಟರೇ ಕೆಳಗೆ ಕೂತರು.

ಮಾಥ್ಯೂ: ಎಂಡೆ ದೈವಮೇ! ಕಳೆದ ಸಲ ಎತ್ತಲಿಕ್ಕೆ ಆಗಿತ್ತಲ್ಲ!

ಹರಿಣಾಕ್ಷಿ: ಆಪರೇಶನ್‌ನಿಂದ ಅಲ್ವಾ ಡಾಕ್ಟ್ರೆ?

ಮಾಥ್ಯೂ: ಅದೊಂದರಿಂದಲೇ ಇಷ್ಟು ಆಗುದಿಲ್ಲ ಅಕ್ಕ. ಆಪರೇಶನ್ ಆದ ಮೇಲೆ ಓಡಾಟ ಕಡಿಮೆ, ಹಸಿವು ಮಾತ್ರ ಹೆಚ್ಚೇ ಆಗುದು. ಮೊದಲಿನಷ್ಟು ತಿಂದರೆ ಸೀದಾ ಮೈಗೆ. ಅದಕ್ಕೇ ನಾನು ರಾತ್ರಿ ಊಟ ಬೇಡ ಅಂದದ್ದು.

ಹರಿಣಾಕ್ಷಿ: ಕೊಡುದಿಲ್ಲ.

ಮಾಥ್ಯೂ: ಅನ್ನ?

ಹರಿಣಾಕ್ಷಿ: ಒಂದು ಅಗುಳು ಇಲ್ಲ.

ಮಾಥ್ಯೂ: ಗಂಜಿ?

ಹರಿಣಾಕ್ಷಿ: ಅದರ ತೆಳಿ ನೀರು ಕೂಡ ತೋರಿಸುದಿಲ್ಲ.

ಮಾಥ್ಯೂ: ಹಾಗಾದ್ರೆ ಕಷ್ಟ. ಊಟ ಇಲ್ಲದೆ ಊದುದು ಅಂದ್ರೆ ಒಳಗೆ ಎಂತದೋ ರೋಗ. ಮಂಗಳೂರಿಗೆ ಕರೆದುಕೊಂಡು ಹೋಗಿ ರಕ್ತ ನೋಡಿಸಬೇಕಾದೀತು. ಆ ರೋಗವೇ ಆದ್ರೆ, ಸರ್ವೋತ್ತಮಣ್ಣ, ಹೆಚ್ಚು ಆಸೆ ಇಟ್ಟುಕೊಳ್ಬೇಡಿ.

ಹರಿಣಾಕ್ಷಿ ಸೆರಗಿನಲ್ಲಿ ಕಣ್ಣೊರಸಿಕೊಂಡಳು. ಸರ್ವೋತ್ತಮ ಟೇಪನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಆದರೆ ಎಂಥ ದುಃಖದಲ್ಲೂ ಮನೆಗೆ ಬಂದವರನ್ನು ಒಣಬಾಯಿಯಲ್ಲಿ ಕಳಿಸುವ ಹೆಂಗಸಲ್ಲ ಹರಿಣಾಕ್ಷಿ.

ಹರಿಣಾಕ್ಷಿ: ಡಾಕ್ಟ್ರೆ, ಬೇಗ ಅನ್ನಕ್ಕಿಡ್ತೇನೆ. ಊಟ ಮಾಡಿಯೇ ಹೋಗ್ಬೇಕು.

ಮಾಥ್ಯೂ: ಬೇಡಪ್ಪಾ. ಊಟ ಮನೆಯಲ್ಲಿ ಉಂಟು. ಅಮ್ಮಚ್ಚಿ ಕಾಯ್ತಾ ಇರ್ತಾರೆ.

ಹರಿಣಾಕ್ಷಿ: ಹಾಗಾದ್ರೆ ಬರೀ ಚಾ. ಚಾಕ್ಕೆ ಇಲ್ಲ ಅನ್ಬೇಡಿ.

ಬರೀ ಚಾ ಬಂತು. ಅದರ ಜೊತೆ ಅಕ್ಕಿತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ ಪುಂಡಿ ಒಂದು ತಟ್ಟೆ ತುಂಬ ಬಂತು. ಅದಕ್ಕೊಂದು ಬಟ್ಟಲು ಕಾಯಿಚಟ್ನಿ. ಪಕ್ಕದಲ್ಲಿ ಒಗ್ಗರಣೆ ಹಾಕಿದ ಮರಗೆಣಸು, ಬೆಲ್ಲ ಕಾಯಿ ಕಲಸಿದ ಅವಲಕ್ಕಿ, ಬಾಳೆಹಣ್ಣು. ಡಾಕ್ಟರು ಮೂರನೆಯ ಪುಂಡಿಗೆ ಕೈ ಹಾಕಿದ್ದಾಗ ಬೊಗ್ಗ ಎದ್ದು ಬಂದು, ಬಹಳ ದಿನದ ರೂಢಿಯವನಂತೆ, ತಟ್ಟೆಯ ಎಡಗಡೆ ಬೆನ್ನು ನೆಟ್ಟಗೆ ಮಾಡಿ ಕೂತಿತು. ಡಾಕ್ಟರ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತು.

ಮಾಥ್ಯೂ: ಅಕ್ಕ, ಒಂದು ಮಾತು. ಇವನಿಗೂ ಸಂಜೆ ಬರೀ ಚಾ ಉಂಟಾ?

ಹರಿಣಾಕ್ಷಿ: ಛೆ! ನಾಯಿಗೆ ಚಾ ಯಾರು ಕೊಡ್ತಾರೆ? ಅವನಿಗೆ ಇದೆಲ್ಲ ಚಾ ಇಲ್ಲದೆ.

ಮಾಥ್ಯೂ: ಇದೆಲ್ಲ ಅಂದ್ರೆ?

ಹರಿಣಾಕ್ಷಿ: ಫಲಾರ! ಒಪ್ಪತ್ತು ಅಂದ ಮೇಲೆ ಫಲಾರ ಕೊಡ್ಬೇಡ್ವಾ? ಒಂದು ದಿನ ಪುಂಡಿ, ಒಂದು ದಿನ ನೀರುದೋಸೆ, ಒಂದು ದಿನ ಒತ್ತಿದ ಅಕ್ಕಿ ಸೇಮಗೆ, ಕಾಯಿಹಾಲು. ಅವನು ಸೇಮಗೆ ಆದ್ರೆ ಹೆಚ್ಚು ತಿನ್ನುದು.

ಮಾಥ್ಯೂ: ಊಟ ಕೊಡ್ಬೇಡಿ ಅಂತ ಹೇಳಿದ್ದೆನಲ್ಲ!

ಹರಿಣಾಕ್ಷಿ: ಇದು ಊಟವಾ? ಇದರಲ್ಲಿ ಅನ್ನ ಎಲ್ಲಿ ಉಂಟು? ನೀವೇ ಈಗ ಊಟ ಬೇಡ ಅಂದ್ರಿ, ಮತ್ತೆ ಇದನ್ನು ತಿಂತಾ ಇದ್ದೀರಲ್ಲ!

ಡಾಕ್ಟರು ಕೈಯಲ್ಲೇ ಇದ್ದ ಮೂರನೆಯ ಪುಂಡಿಯನ್ನು ನೋಡಿಕೊಂಡರು. ಸರ್ವೋತ್ತಮನಿಗೆ ಮಾತ್ರ ಹೋದ ಜೀವ ಬಂದಿತ್ತು.

ಸರ್ವೋತ್ತಮ: ಹಾಗಾದ್ರೆ ರೋಗ ಇಲ್ವಾ ಡಾಕ್ಟ್ರೆ?

ಮಾಥ್ಯೂ: ಎಂತ ರೋಗ? ಒಪ್ಪತ್ತು! ಅಕ್ಕ, ಇನ್ನು ಇವನಿಗೆ ಊಟ ಕೊಡಿ. ಬೆಳಿಗ್ಗೆ ಒಂದು ಸೌಟು ಗಂಜಿ, ರಾತ್ರಿ ಒಂದು ಸೌಟು. ಸ್ವಲ್ಪ ಮೀನು ಹಾಕಿದ್ರೆ ಸಾಕು. ಫಲಾರ ಬಂದ್.

ಹರಿಣಾಕ್ಷಿ: ಊಟ ಬೇಡ ಅಂದವರೂ ನೀವೇ, ಊಟ ಕೊಡಿ ಅನ್ನುವವರೂ ನೀವೇ. ಯಾವುದಾದ್ರೂ ಒಂದು ಹೇಳಿ ಮಾರಾಯ್ರೆ.

ಡಾಕ್ಟರು "ಗಂಜಿ ಮಾತ್ರ" ಎಂದು ಒಂದೇ ಹೇಳಿ, ನಾಲ್ಕನೆಯ ಪುಂಡಿಯನ್ನೂ ಮುಗಿಸಿ ಬಸ್ಸಿಗೆ ಓಡಿದರು. ಸರ್ವೋತ್ತಮ ಗೆದ್ದವನ ಠೀವಿಯಲ್ಲಿ ಜಗಲಿಯ ಬೆಂಚಿನ ಮೇಲೆ ಕೂತು ಕಾಲು ಚಾಚಿದ.

ಸರ್ವೋತ್ತಮ: ಈಗ ಗೊತ್ತಾಯ್ತಲ್ಲ, ತಪ್ಪು ಯಾರದ್ದು ಅಂತ? ಬೊಗ್ಗ ಎಲ್ಲಿಗೂ ಹೋಗುದಿಲ್ಲ.

ಹರಿಣಾಕ್ಷಿ: ಅವನು ಹೋಗುದು ಬೇಡ. ನಾಳೆ ಜೀಪಿನಲ್ಲಿ ನಾನೇ ಹೋಗುದು.

ಸರ್ವೋತ್ತಮ: ನೀನಾ? ಎಷ್ಟು ದಿನಕ್ಕೆ?

ಹರಿಣಾಕ್ಷಿ: ಅವನು ಕರಗುವವರೆಗೆ. ಅವನು ಆ ಮುಖ ಮಾಡಿ ನೋಡಿದ್ರೆ ನನಗೆ ಕೊಡದೆ ಇರ್ಲಿಕ್ಕೆ ಆಗುದಿಲ್ಲ. ಕೊಟ್ಟರೆ ಅವನು ಸಾಯ್ತಾನೆ. ನಾನು ಇಲ್ಲಿ ಇರದಿದ್ರೆ ಆಯ್ತಲ್ಲ? ನೀವು ಗಂಜಿ ಬೇಯಿಸಿ. ಅವನಿಗೂ ಅದೇ, ನಿಮಗೂ ಅದೇ.

ಚಾಚಿದ್ದ ಕಾಲು ತಾನಾಗಿ ಮಡಚಿಕೊಂಡಿತು. ನಾಯಿ ಉಳಿದದ್ದು ಹೌದು, ಅಡುಗೆಮನೆಯೇ ಜೀಪು ಹತ್ತಲು ಹೊರಟಿತ್ತು. ಸರ್ವೋತ್ತಮ ತನ್ನಿಂದಾದಷ್ಟು ದೀನವಾಗಿ ಹೆಂಡತಿಯ ಮುಖ ನೋಡಿದ.

ಹರಿಣಾಕ್ಷಿ: ನೀವು ಹಾಗೆ ನೋಡಿದ್ರೆ ನನಗೆ ಎಂತದೂ ಆಗುದಿಲ್ಲ. ಮದುವೆ ಆದಂದಿನಿಂದ ಬೇಯಿಸಿ ಹಾಕ್ತಾ ಇದ್ದೇನೆ. ಅವನು ತಿಂದ ಮೇಲೆ ಬಾಲ ಆಡಿಸ್ತಾನೆ. ನೀವು ತಿಂದು ಕೈ ತೊಳೆದು ಎದ್ದು ಹೋಗ್ತೀರಿ. ಒಂದು ದಿನ ಒಂದು ಮಾತು ಹೇಳಿದ್ದುಂಟಾ?

ಅವಳ ದನಿಯಲ್ಲಿ ಜಗಳ ಇರಲಿಲ್ಲ. ಅದೇ ಸರ್ವೋತ್ತಮನಿಗೆ ಹೆಚ್ಚು ತಾಗಿತು. ರುಚಿ ಇಲ್ಲದ ಕಾರಣಕ್ಕೆ ಅವನು ಹೇಳದೆ ಇದ್ದದ್ದಲ್ಲ, ಹೇಳಬೇಕೆಂದೇ ಹೊಳೆದಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಯ ಅವಸರದಲ್ಲಿ ಬಾಯಿ ಮುಂದೆ ಹೋಯಿತು.

ಸರ್ವೋತ್ತಮ: ಇವತ್ತಿನ ಪುಂಡಿ ಭಾರಿ ಲಾಯ್ಕ ಆಗಿತ್ತು ಹರಿಣಾಕ್ಷಿ.

ಹರಿಣಾಕ್ಷಿ: ಅದನ್ನು ನೀವು ಯಾವಾಗ ತಿಂದದ್ದು?

ಸರ್ವೋತ್ತಮ ತಲೆ ಕೆರೆದುಕೊಂಡ. ಈ ಸಲ ಹರಿಣಾಕ್ಷಿಗೆ ನಗು ತಡೆಯಲಾಗಲಿಲ್ಲ. ಒಳಗೆ ಹೋಗಿ, ಉಳಿದಿದ್ದ ಎರಡು ಪುಂಡಿಯನ್ನು ಚಟ್ನಿಯ ಜೊತೆ ತಂದು ಅವನ ಮುಂದಿಟ್ಟಳು.

ಹರಿಣಾಕ್ಷಿ: ತಿಂದು ಹೇಳಿ. ಮನಸ್ಸಿನಿಂದ ಹೇಳಿದ್ರೆ ನಾಳೆ ಅಣ್ಣನ ಜೀಪು ಖಾಲಿ ಹೋಗ್ತದೆ.

ಸರ್ವೋತ್ತಮ ಒಂದು ಇಡೀ ಪುಂಡಿಯನ್ನು ಒಂದೇ ಬಾರಿಗೆ ಬಾಯಿಗೆ ತುರುಕಿದ. ಮನಸ್ಸಿನಲ್ಲಿ ಮಾತು ಬೇಕಾದಷ್ಟಿತ್ತು, ಹೊರಡಲು ಬಾಯಲ್ಲಿ ಜಾಗವಿರಲಿಲ್ಲ. ಕಣ್ಣು ಅಗಲ ಮಾಡಿ, ಕೈ ಆಡಿಸಿ, "ಉಂ... ಉಂ..." ಎನ್ನುತ್ತಿದ್ದಂತೆ ಬೆಂಚಿನ ಕೆಳಗಿನಿಂದ ಪಟ ಪಟ ಎಂದು ನೆಲಕ್ಕೆ ಬಾಲ ಬಡಿಯುವ ಸದ್ದು ಕೇಳಿತು.

ಹರಿಣಾಕ್ಷಿ: ನೋಡಿ, ನಿಮ್ಮ ಪರವಾಗಿ ಅದನ್ನೂ ಅವನೇ ಹೇಳ್ಬೇಕಾಯ್ತು!