ಏಳು ಚಂದ್ರರ ರೂಟಿನ ಆಡಳಿತ ವರದಿ

ನಮ್ಮ ಕಟ್ಟಡದ ಮೂರನೇ ಮಹಡಿಯ ಹಿಂಬದಿ ಮನೆಯಲ್ಲಿ, ಮಂತ್ರವೂ ಯಂತ್ರವೂ ಸಮಾನ ಹಕ್ಕಿನಿಂದ ನಡೆಯುವ ಒಂದು ಲೋಕವಿದೆ. ಆ ಲೋಕದಲ್ಲಿ ಏಳು ಚಂದ್ರರಿದ್ದಾರೆ, ಹಾರುವ ಬಸ್ಸೊಂದಿದೆ, ಮನೆ ತುಂಬ ಅಧಿಕಾರಿಗಳಿದ್ದಾರೆ. ಪ್ರಜೆಗಳಿಲ್ಲ. ಪ್ರಜೆಯ ಸ್ಥಾನಕ್ಕೆ ಯಾರೂ ಮುಂದೆ ಬರಲಿಲ್ಲವಾದ್ದರಿಂದ ಆ ಸ್ಥಾನವನ್ನೇ ರದ್ದುಪಡಿಸಲಾಗಿದೆ.

ನಾನು ಈ ಲೋಕದ ಕಾರ್ಯದರ್ಶಿಯಾಗಿದ್ದೆ. ಅದಕ್ಕೂ ಮೊದಲು ತೂಕ ಮತ್ತು ಅಳತೆ ಇಲಾಖೆಯಲ್ಲಿ ಅಂಗಡಿಗಳ ತಕ್ಕಡಿಗೆ ಮುದ್ರೆ ಒತ್ತುತ್ತಿದ್ದೆ. ಕಟ್ಟಡದವರು ಹಿಂದಿನಿಂದ ನನ್ನನ್ನು ತಕ್ಕಡಿ ಎನ್ನುತ್ತಾರೆ. ನನಗೆ ಗೊತ್ತಿಲ್ಲವೆಂದುಕೊಂಡಿದ್ದಾರೆ, ಪಾಪ.

ಲೋಕದ ಹುಟ್ಟಿನ ಬಗ್ಗೆ ಹಲವರು ಹಲವು ಮಾತಾಡುತ್ತಾರಾದ್ದರಿಂದ ಅಧಿಕೃತ ವಿವರ ಕೊಡುವುದು ಒಳ್ಳೆಯದು. ಆ ಮನೆಯಲ್ಲಿರುವವರು ಇಬ್ಬರು: ಗಡಿಯಾರ ರಿಪೇರಿ ಮಾಡುವ ತಮ್ಮ ಮತ್ತು ಅವನ ಅಕ್ಕ. ಅಕ್ಕ ಬಸ್ ಕಂಡಕ್ಟರ್ ಆಗಿದ್ದವರು. ಒಂದು ತಿರುವಿನಲ್ಲಿ ಬಸ್ಸು ಮಗುಚಿಕೊಂಡ ಮೇಲೆ ಅವರಿಗೆ ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಅವರ ಮಂಚ ಕಿಟಕಿಯ ಪಕ್ಕ ಇತ್ತು, ತಮ್ಮನ ಮೇಜು ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ. ಗೋಡೆಯ ಮೇಲೆ ರಿಪೇರಿಗೆ ಬಂದ ಗಡಿಯಾರಗಳು ತಮ್ಮ ತಮ್ಮ ಸಮಯವನ್ನು ತೋರಿಸಿಕೊಂಡು ನೇತಾಡುತ್ತಿದ್ದವು.

ಮಧ್ಯಾಹ್ನ ಊಟವಾದ ಮೇಲೆ ಆ ತಮ್ಮ, ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಗಡಿಯಾರದ ಹೊಟ್ಟೆ ಬಗೆಯುತ್ತಾ ಕೇಳುತ್ತಿದ್ದ:

“ಅಕ್ಕಾ, ಇವತ್ತು ಬಸ್ಸು ಎಲ್ಲಿಗೆ?”

“ಮೂರನೇ ಚಂದ್ರನಿಗೆ ಬಿಡು. ದಾರೀಲಿ ಮೋಡದ ಹತ್ರ ಇಬ್ಬರು ಕಾಯ್ತಿದಾರೆ, ನಿಲ್ಸು.”

ಬಸ್ಸಿನ ಎಂಜಿನ್ನು ಅಣುಶಕ್ತಿಯದು. ಆದರೆ ಮಂತ್ರ ಹೇಳದೆ ಗೇರು ಬೀಳುತ್ತಿರಲಿಲ್ಲ. ತಮ್ಮ ಡ್ರೈವರ್, ಅಕ್ಕ ಕಂಡಕ್ಟರ್. ಮಾಟಗಾತಿಯೊಬ್ಬಳು ಪೊರಕೆ ಹಿಡಿದು ಹತ್ತಿದರೆ ಅಕ್ಕ ಪೊರಕೆಗೆ ಲಗೇಜು ಟಿಕೆಟು ಹರಿಯುತ್ತಿದ್ದರು. ತಯಾರಾಗಿ ಐದು ವರ್ಷವೂ ಆಗಿಲ್ಲವೆಂದು ರೋಬೋಟೊಂದು ಅರ್ಧ ಟಿಕೆಟು ಕೇಳಿದರೆ, “ಮೀಸೆ ಇಟ್ಕೊಂಡು ಅರ್ಧ ಟಿಕೆಟ್ ಕೇಳ್ತೀಯಲ್ಲಪ್ಪ, ನಾಚಿಕೆ ಆಗಲ್ವಾ?” ಎಂದು ಗದರಿಸುತ್ತಿದ್ದರು. ಆಮೇಲೆ ಹಳೇ ಸೀಟಿಯನ್ನು ಬಾಯಿಗಿಟ್ಟು ಊದಿ, “ರೈಟ್ ರೈಟ್” ಎನ್ನುವರು. ಆಗ ಅವರ ಮುಖವನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೇನೆ. ಮುಚ್ಚುಮರೆಯೇಕೆ, ನನಗೆ ಹೊಟ್ಟೆ ಉರಿಯಿತು. ಅದರ ಬೆನ್ನಿಗೇ ಗಾಬರಿಯೂ ಆಯಿತು. ಅಷ್ಟು ದೊಡ್ಡ ಲೋಕ, ಕೇಳುವವರಿಲ್ಲ, ಹೇಳುವವರಿಲ್ಲ!

ಸೀಟಿಯ ಸದ್ದಿನ ಬಗ್ಗೆ ಜಗಳವಾಡಲು ಮೊದಲು ಬಂದವರು ಕೆಳಮನೆಯ ಕಾಂಟ್ರಾಕ್ಟರು. ಬಾಗಿಲಲ್ಲಿ ನಿಂತು ಎರಡು ನಿಮಿಷ ಕೇಳಿಸಿಕೊಂಡು, ಚಪ್ಪಲಿ ಬಿಟ್ಟು ಒಳಗೆ ಬಂದರು.

“ಆ ಚಂದ್ರಗಳು ಯಾರ ಹೆಸರಲ್ಲಿವೆ?” ಎಂದು ಕೇಳಿದರು.

“ಯಾರ ಹೆಸರಲ್ಲೂ ಇಲ್ಲ ಕಣಪ್ಪ,” ಎಂದರು ಅಕ್ಕ. “ಅಲ್ಲಿ ಸ್ಟಾಪ್ ಇದೆ, ಅಷ್ಟೇ.”

ಕಾಂಟ್ರಾಕ್ಟರು ಮಾರನೆಯ ದಿನ ಕುರ್ಚಿ ತಂದುಕೊಂಡರು. ಅವರ ಹಿಂದೆ ಭೌತಶಾಸ್ತ್ರದ ಲೆಕ್ಚರರು ಬಂದರು, ವಿಮಾ ಏಜೆಂಟರು ಬಂದರು, ಕಟ್ಟಡದ ಮಿಕ್ಕವರೂ ಬಂದರು, ನಾನೂ ಹೋದೆ. ಅಕ್ಕ ಎಲ್ಲರನ್ನೂ “ಒಳಗಡೆ ಬನ್ನಿ, ಒಳಗಡೆ ಜಾಗ ಇದೆ” ಎಂದೇ ಕರೆದರು. ಜಾಗ ಇರಲಿಲ್ಲ. ಕುರ್ಚಿ ಹಾಕುವುದಕ್ಕಾಗಿ ಮಂಚವನ್ನು ಕಿಟಕಿಯಿಂದ ಸ್ವಲ್ಪ ಈಚೆಗೆ ಸರಿಸಲಾಯಿತು.

ಮೊದಲ ಸಭೆಯಲ್ಲಿ ಪಾತ್ರಗಳ ಹಂಚಿಕೆ ನಡೆಯಿತು. ಯಾರಿಗೆ ಏನು ಬೇಕಾದರೂ ಆಗುವ ಅವಕಾಶವಿದೆ ಎಂದು ಗಡಿಯಾರದ ತಮ್ಮ ವಿವರಿಸಿದ. ಬೆಂಕಿ ಉಗುಳಬಹುದು, ನಕ್ಷತ್ರ ನುಂಗಬಹುದು, ಮಾಯವಾಗಬಹುದು. ಸಭೆ ಬಹಳ ಹೊತ್ತು ಯೋಚಿಸಿತು. ಕಾಂಟ್ರಾಕ್ಟರು ಅಧ್ಯಕ್ಷರಾಗಬಯಸಿದರು, ಆದರು. ಲೆಕ್ಚರರು ಯಂತ್ರ ವಿಭಾಗದ ನಿರ್ದೇಶಕರಾದರು. ವಿಮಾ ಏಜೆಂಟರು ಮಂತ್ರ ವಿಭಾಗದ ನಿರ್ದೇಶಕರಾದರು, ಏಕೆಂದರೆ ಕೇಳುವವರಿಗೆ ಅರ್ಥವಾಗದ ಮಾತನ್ನು ಸರಾಗವಾಗಿ ಹೇಳಿದ ಅನುಭವ ಅವರೊಬ್ಬರಿಗೇ ಇತ್ತು. ಉಳಿದವರು ಉಪನಿರ್ದೇಶಕರು, ಸಹಾಯಕ ನಿರ್ದೇಶಕರು ಮತ್ತು ಅವರ ಮೇಲ್ವಿಚಾರಕರಾದರು. ಬೆಂಕಿ ಉಗುಳಲು ಯಾರೂ ಒಪ್ಪಲಿಲ್ಲ. ಬೆಂಕಿ ಉಗುಳುವವರನ್ನು ತಪಾಸಣೆ ಮಾಡಲು ಮಾತ್ರ ನೂಕುನುಗ್ಗಲಾಯಿತು.

“ಹಾಗಾದ್ರೆ ಬಸ್ಸಲ್ಲಿ ಕೂತ್ಕೊಳ್ಳೋರು ಯಾರು?” ಎಂದು ಅಕ್ಕ ಕೇಳಿದರು.

“ಅಕ್ಕಾ, ಮೊದಲು ಆಡಳಿತ ಸರಿಹೋಗ್ಲಿ,” ಎಂದರು ಅಧ್ಯಕ್ಷರು. “ಜನ ತಾನಾಗೇ ಬರ್ತಾರೆ.”

ಆಡಳಿತ ಸರಿಹೋಗುವ ಕೆಲಸ ಚುರುಕಾಗಿಯೇ ನಡೆಯಿತು. ಏಳು ಚಂದ್ರರ ಪೈಕಿ ಅಧ್ಯಕ್ಷರ ಸುಪರ್ದಿಗೆ ಆರು ಬಂದವು, ಏಕೆಂದರೆ ಅವುಗಳ ಮೇಲೆ ಸೈಟು ಮಾಡುವ ಯೋಚನೆ ಅವರಿಗೇ ಮೊದಲು ಹೊಳೆದಿತ್ತು. ಏಳನೆಯದನ್ನು ಉದ್ಯಾನವನಕ್ಕೆಂದು ಮೀಸಲಿಟ್ಟು, ಅದರ ಉಸ್ತುವಾರಿಯನ್ನು ಅವರ ಹೆಂಡತಿಗೆ ವಹಿಸಲಾಯಿತು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಸೈಟುಗಳನ್ನು ಎಳೆದರು. ಮೂಲೆ ಸೈಟಿಗಾಗಿ ಲೆಕ್ಚರರೂ ವಿಮಾ ಏಜೆಂಟರೂ ಮಾತು ಬಿಟ್ಟರು. ಚಂದ್ರ ದುಂಡಗಿರುವುದರಿಂದ ಮೂಲೆಯೇ ಇಲ್ಲವೆಂದು ಗಡಿಯಾರದ ತಮ್ಮ ಹೇಳಿದ್ದಕ್ಕೆ ಇಬ್ಬರೂ ಸೇರಿ ಅವನ ಮೇಲೆ ರೇಗಿದರು.

ಇದಾದ ಮೇಲೆ ಬಸ್ಸಿನ ಪ್ರಶ್ನೆ ಬಂತು. ಅದು ಹಾರುವುದು ಅಣುಶಕ್ತಿಯಿಂದಲೋ ಮಂತ್ರದಿಂದಲೋ? ಅಣುಶಕ್ತಿಯಿಂದ ಎಂದರೆ ಮಂತ್ರ ವಿಭಾಗದವರು ಎದ್ದು ಹೋಗುತ್ತಿದ್ದರು. ಮಂತ್ರದಿಂದ ಎಂದರೆ ಯಂತ್ರ ವಿಭಾಗದವರು ಮೇಜು ಕುಟ್ಟುತ್ತಿದ್ದರು, ಗಡಿಯಾರದ ಬಿಡಿಭಾಗಗಳೆಲ್ಲ ನೆಲಕ್ಕೆ ಚೆಲ್ಲುತ್ತಿದ್ದವು. ಕೊನೆಗೆ ಮುಂದಿನ ಚಕ್ರಗಳು ಮಂತ್ರ ವಿಭಾಗಕ್ಕೆ, ಹಿಂದಿನವು ಯಂತ್ರ ವಿಭಾಗಕ್ಕೆ ಸೇರಿದವೆಂದು ತೀರ್ಮಾನವಾಯಿತು. ಎರಡೂ ವಿಭಾಗಗಳ ಒಪ್ಪಿಗೆ ಇಲ್ಲದೆ ಬಸ್ಸು ನೆಲ ಬಿಡುವಂತಿಲ್ಲ. ಮುಂದಿನವರು ಒಪ್ಪಿದ ದಿನ ಹಿಂದಿನವರು ಒಪ್ಪುತ್ತಿರಲಿಲ್ಲ.

ಅಕ್ಕ ದಿನವೂ ಸೀಟಿ ಕೈಯಲ್ಲಿ ಹಿಡಿದು ಕಾಯುತ್ತಿದ್ದರು. “ಇವತ್ತು ಹೊರಡ್ತೀವಾ?” ಎಂದು ನನ್ನನ್ನು ಕೇಳುತ್ತಿದ್ದರು. ವಿಷಯ ಪರಿಶೀಲನೆಯಲ್ಲಿದೆ ಎಂದು ನಾನು ಹೇಳುತ್ತಿದ್ದೆ. ಹಾಗೆ ಹೇಳುವಾಗ ನನಗೆ ಬಹಳ ಹಿತವೆನಿಸುತ್ತಿತ್ತು.

ಅಷ್ಟರಲ್ಲಿ ಆ ಕೋಣೆಯನ್ನು ಲೋಕದ ರಾಜಧಾನಿಯೆಂದು ಘೋಷಿಸಿಯಾಗಿತ್ತು. ರಾಜಧಾನಿಯ ನಡುಮಧ್ಯೆ ಒಂದು ಮಂಚವಿರುವುದು ಶೋಭೆಯಲ್ಲವೆಂದು ಉಪನಿರ್ದೇಶಕರೊಬ್ಬರು ಎತ್ತಿ ಆಡಿದರು. ಅಳತೆಯ ಕೆಲಸ ನನಗೇ ಬಂತು. ಟೇಪು ಹಿಡಿದು ನೋಡಿದಾಗ, ಮಂಚವು ಅಧ್ಯಕ್ಷರ ಕುರ್ಚಿಗೆ ಹೋಗುವ ದಾರಿಯನ್ನು ಒಂದು ಗೇಣಿನಷ್ಟು ಒತ್ತುವರಿ ಮಾಡಿದ್ದು ಸ್ಪಷ್ಟವಾಗಿತ್ತು. ನಾಲ್ಕು ಜನ ನಾಲ್ಕು ಕಾಲು ಹಿಡಿದು ಮಂಚವನ್ನು ಅಡುಗೆಮನೆಗೆ ಹೋಗುವ ಓಣಿಗೆ ಸಾಗಿಸಿದರು. ಅಲ್ಲಿ ಕಿಟಕಿ ಇಲ್ಲ. ಸೂರಿನಲ್ಲಿ ನೀರು ಜಿನುಗಿದ ಒಂದು ಕಲೆ ಇದೆ.

“ತಲೆದಿಂಬು ಆ ಕಡೆ ಇಡ್ಲಾ, ಈ ಕಡೆ ಇಡ್ಲಾ ಅಕ್ಕಾ?” ಎಂದು ತಮ್ಮ ಕೇಳಿದ.

“ಯಾವ ಕಡೆ ಆದ್ರೇನು, ಗೋಡೇನೇ ತಾನೆ,” ಎಂದರು ಅಕ್ಕ.

ಕಂಡಕ್ಟರ್ ಹುದ್ದೆಯ ವಿಚಾರಣೆ ಅದೇ ವಾರ ನಡೆಯಿತು. ಕಂಡಕ್ಟರಾದವರು ನಿಂತು ಟಿಕೆಟು ಕೊಡಬೇಕೆಂಬುದು ನಿಯಮ. ನಿಯಮ ಮಾಡಿದ್ದು ಹಿಂದಿನ ದಿನವಾದರೂ ಅದು ಲೋಕ ಹುಟ್ಟಿದಂದಿನಿಂದಲೇ ಜಾರಿಯಲ್ಲಿದೆಯೆಂದು ಅದರಲ್ಲೇ ಹೇಳಲಾಗಿತ್ತು.

“ನಿಂತ್ಕೊಳ್ಳಿ ಅಕ್ಕಾ,” ಎಂದರು ಲೆಕ್ಚರರು.

“ಆ ಲೋಕದಲ್ಲಿ ನಿಂತೇ ಇದೀನಲ್ಲಪ್ಪ. ಓಡಾಡ್ತೀನಿ. ಬಸ್ಸು ಓಡ್ತಿರುವಾಗ್ಲೇ ಹತ್ತಿ ಇಳೀತೀನಿ.”

“ಅದು ಸರಿ. ಆದ್ರೆ ದೇಹದಾರ್ಢ್ಯ ಪರೀಕ್ಷೆ ಈ ಲೋಕದಲ್ಲೇ ಆಗಬೇಕು. ಕಲ್ಪನೆ ಅಂದ ಮಾತ್ರಕ್ಕೆ ಶಿಸ್ತು ಬೇಡ್ವಾ?”

“ನಮ್ಮಕ್ಕ ಹಾರ್ಲಿ ಅಂತಾನೇ ಈ ಲೋಕ ಮಾಡಿದ್ದು ಸಾರ್!” ಎಂದ ಗಡಿಯಾರದ ತಮ್ಮ. ಅವನ ದನಿ ನಡುಗುತ್ತಿತ್ತು. ಭಾವುಕತೆ ಆ ದಿನದ ಕಾರ್ಯಸೂಚಿಯಲ್ಲಿ ಇರಲಿಲ್ಲವಾದ್ದರಿಂದ ನಾನು ಅದನ್ನು ದಾಖಲಿಸಲಿಲ್ಲ.

“ಆಯ್ತು, ಕಂಡಕ್ಟರ್ ಬೇಡ,” ಎಂದರು ಅಕ್ಕ ಕೊನೆಗೆ. “ಪ್ಯಾಸೆಂಜರ್ ಆಗಿ ಹೋಗ್ತೀನಿ. ಹಿಂದಿನ ಸೀಟಾದ್ರೂ ಪರವಾಗಿಲ್ಲ.”

ಪ್ರಯಾಣಿಕರೆಂಬ ವರ್ಗವೇ ಇಲ್ಲವೆಂದು ನಾನು ವಿನಯದಿಂದ ತಿಳಿಸಿದೆ. ಸೀಟಿಯನ್ನು ಲೋಕದ ಆಸ್ತಿಯೆಂದು ವಶಪಡಿಸಿಕೊಂಡು ನನ್ನ ಜೇಬಿಗೆ ಹಾಕಿಕೊಂಡೆ. ಕೊಡುವಾಗ ಅವರು ಅದನ್ನು ಸೆರಗಿನಿಂದ ಒರೆಸಿ ಕೊಟ್ಟರು.

ಕಂಡಕ್ಟರ್ ಹುದ್ದೆಗೆ ಅಧ್ಯಕ್ಷರ ಭಾಮೈದನನ್ನು ಅವಿರೋಧವಾಗಿ ಆರಿಸಲಾಯಿತು. ಎರಡೂ ವಿಭಾಗಗಳು ಅಂದೇ ಒಪ್ಪಿಗೆ ಕೊಟ್ಟವು. ಆದರೆ ಬಸ್ಸು ಹೊರಟು ಒಂದು ಮಾಳಿಗೆಯಷ್ಟು ಮೇಲೇರುವ ವರ್ಣನೆ ಬರುತ್ತಿದ್ದಂತೆ ಭಾಮೈದ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು, “ಭಾವಾ, ತಲೆ ಸುತ್ತುತ್ತೆ, ಇಳಿಸ್ರೀ” ಎಂದು ಕಿರುಚಿದ. ಅವನಿಗೆ ಎತ್ತರವೆಂದರೆ ಭಯ. ಹುದ್ದೆಯಲ್ಲಿರುವ ಮನುಷ್ಯನ ಆರೋಗ್ಯ ಮುಖ್ಯವಾದ್ದರಿಂದ ಬಸ್ಸನ್ನು ಶಾಶ್ವತವಾಗಿ ನೆಲದ ಮೇಲೆ ನಿಲ್ಲಿಸಲಾಯಿತು. ಪ್ರತಿದಿನ ಅದನ್ನು ತೊಳೆಯಲು ಸಹಾಯಕ ನಿರ್ದೇಶಕರೊಬ್ಬರ ನೇಮಕವಾಯಿತು. ಅವರು ಈಗಲೂ ಸಂಜೆ ಬಂದು, ಬರಿಗೈಯಲ್ಲಿ ಗಾಳಿಯನ್ನು ಉಜ್ಜಿ ಹೋಗುತ್ತಾರೆ. ಕೆಲಸದಲ್ಲಿ ಬಹಳ ಶ್ರದ್ಧೆಯ ಮನುಷ್ಯ.

ಎಲ್ಲವೂ ಹೀಗೆ ಸುಸೂತ್ರವಾಗಿರುವಾಗ ಓಣಿಯ ಕಡೆಯಿಂದ ಒಂದು ಪ್ರಕರಣ ವರದಿಯಾಯಿತು. ನೀರು ಕುಡಿಯಲು ಹೋದ ವಿಮಾ ಏಜೆಂಟರು, ಮಲಗಿದ್ದ ಅಕ್ಕ ಕಣ್ಣು ಮುಚ್ಚಿ ನಗುತ್ತಿದ್ದುದನ್ನು ಕಂಡರು. ಅವರ ತುಟಿ ಸೀಟಿ ಊದುವವರಂತೆ ಮುಂದೆ ಬಂದಿತ್ತು. ಬಲಗೈ ಮೇಲೆದ್ದು ಏನನ್ನೋ ಹಿಡಿದಂತಿತ್ತು. ಏಜೆಂಟರು ಓಡಿ ಬಂದು ಸಭೆಗೆ ಹೇಳಿದರು:

“ಆಯಮ್ಮ ಹಾರ್ತಿದಾರೆ!”

ಇಡೀ ಆಡಳಿತ ಓಣಿಗೆ ಹೋಗಿ ಮಂಚದ ಸುತ್ತ ನಿಂತಿತು. ಅಕ್ಕ ನಿದ್ದೆಯಲ್ಲೇ “ಹೋಲ್ಡಾನ್” ಎಂದರು. ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ. ಅದು ಅನಧಿಕೃತ ಹಾರಾಟ. ಎಬ್ಬಿಸಿ ಕೇಳಿದರೆ, “ನಿದ್ದೆ ಬಂದಿತ್ತು ಕಣ್ರಪ್ಪ” ಎಂದರು. ಎಲ್ಲ ತಪ್ಪಿತಸ್ಥರೂ ಹಾಗೆಯೇ ಹೇಳುತ್ತಾರೆ.

ಕೂಡಲೇ ತುರ್ತು ಪ್ರಕಟಣೆ ಹೊರಟಿತು. ಲೋಕದ ವ್ಯಾಪ್ತಿಯಲ್ಲಿ ಹಗಲಿನ ವೇಳೆ ಯಾರೂ ಕಣ್ಣು ಮುಚ್ಚತಕ್ಕದ್ದಲ್ಲ, ಮುಚ್ಚಿದರೂ ನಗತಕ್ಕದ್ದಲ್ಲ, ನಕ್ಕರೂ ಅದಕ್ಕೆ ಕಾರಣ ಭೂಮಿಯ ಮೇಲಿನದೇ ಆಗಿರತಕ್ಕದ್ದು. ಇದನ್ನು ನೋಡಿಕೊಳ್ಳಲು ಹಾರಾಟ ತಡೆ ಅಧಿಕಾರಿಯ ಹುದ್ದೆ ಸೃಷ್ಟಿಯಾಯಿತು. ಮಂಚದ ಹತ್ತಿರ ಸದಾ ಇರಬಲ್ಲವನು ಗಡಿಯಾರದ ತಮ್ಮನೊಬ್ಬನೇ. ಅವನು ಮೊದಲು ಒಲ್ಲೆನೆಂದ. ಆಮೇಲೆ ನಾನು ಅವನನ್ನು “ಅಧಿಕಾರಿಗಳೇ” ಎಂದು ಕರೆದೆ. ಅವನನ್ನು ಹಾಗೆ ಜನ್ಮದಲ್ಲಿ ಯಾರೂ ಕರೆದಿರಲಿಲ್ಲ. ಶರ್ಟಿನ ಕಾಲರು ಸರಿ ಮಾಡಿಕೊಂಡ.

“ಒಪ್ಕೊಳ್ಳೋ,” ಎಂದರು ಅಕ್ಕ. “ಮನೇಲಿ ನೀನೊಬ್ಬನೇ ಏನೂ ಆಗಿರ್ಲಿಲ್ಲ.”

ಅಂದಿನಿಂದ ಅವನು ಸ್ಟೂಲು ಹಾಕಿಕೊಂಡು ಅಕ್ಕನ ಕಣ್ಣನ್ನೇ ನೋಡುತ್ತಾ ಕೂರುತ್ತಿದ್ದ. ರೆಪ್ಪೆ ಬಾಡಿದರೆ ಮೆಲ್ಲಗೆ ಭುಜ ಅಲ್ಲಾಡಿಸುತ್ತಿದ್ದ. ಒಂದೊಂದು ಸಲ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಕೆಲಸ ಮಾತ್ರ ನಿಲ್ಲಿಸಲಿಲ್ಲ.

ಮೊನ್ನೆ ನಾನು ತಪಾಸಣೆಗೆಂದು ಓಣಿಗೆ ಹೋದೆ. ಅಕ್ಕನ ಕಣ್ಣುಗಳು ಪೂರ್ತಿ ತೆರೆದಿದ್ದವು. ಸೂರಿನ ಆ ಕಲೆಯನ್ನು ನೋಡುತ್ತಾ ನಗುತ್ತಿದ್ದರು. ಪಕ್ಕದಲ್ಲಿ ತಮ್ಮನೂ ತಲೆ ಎತ್ತಿ ಅಲ್ಲಿಯೇ ನೋಡುತ್ತಿದ್ದ. ಅವನ ಎರಡು ಕೈ ಗಾಳಿಯಲ್ಲಿ ದುಂಡಗಿನದೇನನ್ನೋ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸುತ್ತಿದ್ದವು.

“ಏನಕ್ಕಾ ಇದು?” ಎಂದು ಗದರಿಸಿದೆ.

ಅಕ್ಕ ನನ್ನ ಕಡೆ ತಿರುಗಿದರು. ಅವರ ದನಿ ಗಟ್ಟಿಯಾಗಿತ್ತು, ಇಡೀ ಬಸ್ಸಿಗೆ ಕೇಳುವಂತಿತ್ತು.

“ಯಜಮಾನ್ರೇ, ನಿಮ್ಮ ಸ್ಟಾಪ್ ಬಂತು. ಇಳ್ಕೊಳ್ಳಿ.”

ನಾನು ನೆಟ್ಟಗೆ ರಾಜಧಾನಿಗೆ ಹೋಗಿ ನಡೆದದ್ದನ್ನು ನಡೆದಂತೆ ವರದಿ ಮಾಡಿದೆ. ಶಿಕ್ಷೆಯ ಮಾತು ಬರುತ್ತದೆಂದು ಕಾದೆ. ಆದರೆ ಸಭೆ ನನ್ನನ್ನೇ ದಿಟ್ಟಿಸಿ ನೋಡಿತು. ಹತ್ತದವನನ್ನು ಇಳಿಸಲು ಬರುವುದಿಲ್ಲ. ಆದ್ದರಿಂದ ಕಾರ್ಯದರ್ಶಿ ಅನುಮತಿಯಿಲ್ಲದೆ ಹತ್ತಿರಲೇಬೇಕು ಎಂದರು ಲೆಕ್ಚರರು. ಹತ್ತಿದವನು ಪ್ರಯಾಣಿಕ. ಪ್ರಯಾಣಿಕರೆಂಬ ವರ್ಗ ಈ ಲೋಕದಲ್ಲಿಲ್ಲ. ಇಲ್ಲದವನು ಕಾರ್ಯದರ್ಶಿಯಾಗಿರುವುದು ಹೇಗೆ? ವಾದದಲ್ಲಿ ಒಂದು ಕೂದಲಿನಷ್ಟೂ ಲೋಪವಿರಲಿಲ್ಲ. ಆ ನಿಯಮಗಳನ್ನು ಬರೆದವನು ನಾನೇ, ನನಗೆ ಗೊತ್ತು. ಕಾರ್ಯದರ್ಶಿ ಸ್ಥಾನವನ್ನು ಭಾಮೈದನಿಗೆ ಹೆಚ್ಚುವರಿಯಾಗಿ ವಹಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಭ್ಯಾಸಬಲದಿಂದ ನಾನೂ ತಟ್ಟಿದೆ.

ಕುರ್ಚಿ ಬಿಟ್ಟೆದ್ದ ಮೇಲೆ ಹೋಗಲು ಇನ್ನೆಲ್ಲೂ ಜಾಗವಿರಲಿಲ್ಲ. ಓಣಿಗೆ ಬಂದು ಮಂಚದ ಹತ್ತಿರ ನಿಂತೆ. ಜೇಬಿನಿಂದ ಸೀಟಿ ತೆಗೆದು ಅಕ್ಕನ ಅಂಗೈಯಲ್ಲಿಟ್ಟೆ. ಅವರು ಅದನ್ನು ಸೆರಗಿನಿಂದ ಒರೆಸಿಕೊಂಡರು.

“ಒಂದು ಸೀಟು ಸಿಗುತ್ತಾ ಅಕ್ಕಾ?” ಎಂದು ಕೇಳಿದೆ.

“ಎಲ್ಲಿಯ ಸೀಟು? ನಿಮ್ಮ ಲೋಕದಲ್ಲಿ ಪ್ಯಾಸೆಂಜರ್ ಇಲ್ಲ ಅಂದ್ರಲ್ಲ, ಎಲ್ಲಾ ಇಲ್ಲಿಗೇ ಬಂದ್ಬಿಟ್ಟಿದಾರೆ. ಮಾಟಗಾತಿ ಪಕ್ಕ ನಿಂತ್ಕೊಳ್ಳಿ. ಪೊರಕೆ ತುಳೀಬೇಡಿ.”

ಈಗ ದಿನವೂ ಮಧ್ಯಾಹ್ನ ಓಣಿಯಲ್ಲಿ ನಿಂತಿರುತ್ತೇನೆ. ಸಭೆಯವರು ನೀರು ಕುಡಿಯಲು ಬರುವಾಗ ನನ್ನನ್ನು ದಾಟಿಕೊಂಡು ಹೋಗುತ್ತಾರೆ. ಇಲ್ಲದವನೊಡನೆ ಮಾತಾಡುವುದು ನಿಯಮಕ್ಕೆ ವಿರುದ್ಧವಾದ್ದರಿಂದ ಮಾತಾಡಿಸುವುದಿಲ್ಲ. ಅದು ಸರಿಯೇ. ಅಕ್ಕ ಸೀಟಿ ಊದಿ “ಮುಂದೆ ಹೋಗಿ ಯಜಮಾನ್ರೇ, ಮುಂದೆ” ಎನ್ನುತ್ತಾರೆ. ನಾನು ಒಂದು ಹೆಜ್ಜೆ ಮುಂದೆ ಸರಿದು ನಿಲ್ಲುತ್ತೇನೆ.