ನನ್ನ ಬೂಟು ಮತ್ತು ನಾಲ್ಕು ಮಂದಿ

ನಮ್ಮ ಕಡೆ ಒಬ್ಬರು ಸುಮ್ಮನೆ ಓಡುವುದು ಅಂದರೆ ಆಗದ ಮಾತು. ಯಾರಾದರೂ ನಿಲ್ಲಿಸಿ ಯಾಕೆ ಅಂತ ಕೇಳಿಯೇ ಕೇಳುತ್ತಾರೆ, ಕೇಳಿದ ಮೇಲೆ ಏನಾದರೂ ಒಂದು ಆಗಿಯೇ ಆಗುತ್ತದೆ. ನಲವತ್ತೆಂಟನೆಯ ವಯಸ್ಸಿನಲ್ಲಿ ನಾನು ಓಡಲು ಶುರು ಮಾಡಿದಾಗಿನಿಂದ ವಾರಕ್ಕೊಂದಾದರೂ ಇಂಥದ್ದು ಆಗುತ್ತಲೇ ಇದೆ.

ನಾನು ನಿಪ್ಪಾಣಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಶಾಲೆಯಲ್ಲಿ ಕಲಿಸುವ ಹೆಂಗಸನ್ನು ಇಲ್ಲಿ ಅಕ್ಕಾರ ಅನ್ನುತ್ತಾರೆ. ಮಳೆಗಾಲ ಶುರುವಾಗುವ ಹೊತ್ತಿಗೆ ಡಾಕ್ಟರು ನನ್ನ ರಕ್ತದ ರಿಪೋರ್ಟು ನೋಡಿ, "ಶುಗರು ಹೊಸ್ತಿಲ ಮ್ಯಾಲ ನಿಂತೈತ್ರಿ ಅಕ್ಕಾರ. ಒಳಗ ಕರಕೋಬ್ಯಾಡ್ರಿ, ಓಡ್ರಿ" ಎಂದರು. ಮರುದಿನವೇ ಬೂಟು ತಂದೆ.

ಬೂಟು ನೋಡಿದ್ದೇ ನಮ್ಮ ಅತ್ತೆ ಜೋಳ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟರು.

"ಮನಿತನದ ಹೆಂಗಸು ರಸ್ತೇದಾಗ ಓಡೂದಂದ್ರೇನ? ನಾಕ ಮಂದಿ ಏನಂದಾರು?"

ನನ್ನ ಗಂಡ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಕೊನೆಗೆ ಅತ್ತೆಯೇ ತೀರ್ಪು ಕೊಟ್ಟರು: "ದೀಪಾವಳಿ ತನಕಾ ನೋಡತೀನಿ. ಅಷ್ಟರಾಗ ಯಾರರೆ ನಮ್ಮ ಬಾಗಲಕ್ಕ ಬಂದು ಒಂದ ಮಾತ ಅಂದ್ರ, ಆ ಬೂಟ ಅಟ್ಟಕ್ಕ."

ನಮ್ಮ ಮನೆಯ ಅಟ್ಟ ಹತ್ತಿದ ಸಾಮಾನು ಇಳಿದದ್ದಿಲ್ಲ. ಮದುವೆಯಾದ ವರ್ಷ ಹತ್ತಿದ ನನ್ನ ಹಾರ್ಮೋನಿಯಂ ಇನ್ನೂ ಅಲ್ಲೇ ಇದೆ.

ಫ್ರೀ ಬಸ್ಸು

ಮೊದಲ ವಾರ ಚಿಕ್ಕೋಡಿ ರಸ್ತೆ ಹಿಡಿದೆ. ಜಿಟಿಜಿಟಿ ಮಳೆ, ಎರಡೂ ಕಡೆ ಎದೆಮಟ್ಟ ಕಬ್ಬು. ಅಷ್ಟು ಹಸಿರನ್ನು ಇಷ್ಟು ವರ್ಷ ಬಸ್ಸಿನ ಕಿಟಕಿಯಲ್ಲಿ ನೋಡಿದ್ದೆನಲ್ಲ, ಅದು ನೋಡಿದಂತೆಯೇ ಅಲ್ಲ ಅನ್ನಿಸಿತು. ಬಾಯಿ ತೆರೆದುಕೊಂಡೇ ಓಡುತ್ತಿದ್ದೆ.

ನನ್ನನ್ನು ದಾಟಿ ಹೋದ ಬಸ್ಸು ಮುಂದೆ ನಿಂತಿತು. ಕಂಡಕ್ಟರು ಬಾಗಿಲಿಗೆ ಜೋತುಬಿದ್ದು ಕೂಗಿದ, "ಲಗೂ ಬರ್ರಿ ಅಕ್ಕಾರ! ನಿಮ್ಮ ಸಲುವಾಗೇ ನಿಂತೀವಿ!"

ಹತ್ತಿರ ಹೋಗಿ ಏದುಸಿರು ಬಿಡುತ್ತ ಹೇಳಿದೆ, "ನಾ ಬಸ್ಸಿಗಂತ ಓಡಾಕತ್ತಿಲ್ರಿ."

"ಮತ್ತ ಎಲ್ಲಿಗ್ರಿ?"

"ಎಲ್ಲಿಗೂ ಇಲ್ಲ. ಸುಮ್ನ."

ಕಿಟಕಿಗಳ ತುಂಬ ಮುಖಗಳು ಬಂದವು. ಒಳಗಿನಿಂದ ಒಬ್ಬ ಮುದುಕಿ ಎಲ್ಲರಿಗೂ ಬಿಡಿಸಿ ಹೇಳಿದಳು, "ಅತ್ತಿ ಜೋಡಿ ಜಗಳಾಗೈತವ್ವಾ. ತವರಿಗೆ ಹೊಂಟಾಳ."

ಕಂಡಕ್ಟರು ದನಿ ತಗ್ಗಿಸಿದ. "ತವರ ಯಾವೂರ್ರಿ?"

ಬಾಯಿ ತಪ್ಪಿ ಅಂಕಲಿ ಅಂದುಬಿಟ್ಟೆ. ಅಂಕಲಿ ಚಿಕ್ಕೋಡಿಯ ಆಚೆ, ಹೊಳೆದಂಡೆಯ ಮೇಲಿದೆ. ಅವನಿಗೆ ನಿಜಕ್ಕೂ ಮರುಕ ಬಂತು.

"ಹತ್ರಿ ಅಕ್ಕಾರ. ಹೆಂಗಸರಿಗೆ ಬಸ್ ಫ್ರೀ ಆಗಿಂದ ಯಾರೂ ಸಿಟ್ಟ ಬಂದ್ರ ಓಡೂದಿಲ್ರಿ!"

ಬೆನ್ನು ಹತ್ತಿದವರು

ಪಂಚಮಿಗೆ ನಿಜವಾಗಿಯೇ ಅಂಕಲಿಗೆ ಹೋದೆ, ಬಸ್ಸಿನಲ್ಲಿ. ಮರುದಿನ ನಸುಕಿನಲ್ಲಿ ಬೂಟು ಹಾಕಿಕೊಂಡು ಕಬ್ಬಿನ ನಡುವಿನ ಬಂಡಿದಾರಿಯಲ್ಲಿ ಕೃಷ್ಣೆಯ ಕಡೆಗೆ ಓಡಿದೆ.

ಹೊಲದಲ್ಲಿ ಮೇವು ಕೊಯ್ಯುತ್ತಿದ್ದ ಅರವತ್ತು ದಾಟಿದ ಒಬ್ಬ ಯಜಮಾನರು ನನ್ನನ್ನು ನೋಡಿದ್ದೇ ಕುಡುಗೋಲು ಹಿಡಿದು ಬದುವಿಗೆ ಜಿಗಿದರು.

"ಯಾವನವ ತಂಗಿ, ನಿನ್ನ ಬೆನ್ನ ಹತ್ತಿದಾಂವ?"

"ಯಾರೂ ಇಲ್ರಿ ಅಣ್ಣಾರ!"

"ಅಂಜಬ್ಯಾಡ. ನೀ ಓಡ, ನಾ ಹಿಂದ ಅದೀನಿ."

ಹೀಗೆ ಯಾರೂ ಬೆನ್ನು ಹತ್ತದ ನನ್ನ ಬೆನ್ನು ಹತ್ತಿ ಅವರೇ ಓಡಿಬಂದರು, ಕಾಲಲ್ಲಿ ಕರಕರ ಅನ್ನುವ ಚಪ್ಪಲಿ, ಕೈಯಲ್ಲಿ ಕುಡುಗೋಲು. ಎದುರಿಗೆ ಸಿಕ್ಕವರು ಏನು ತಿಳಿದುಕೊಂಡರೋ, ಕಬ್ಬಿನೊಳಗೆ ಸರಿದು ನಿಂತರು. ಸ್ವಲ್ಪ ಹೊತ್ತಿಗೆ ಯಜಮಾನರು ನನ್ನನ್ನೂ ಹಿಂದೆ ಹಾಕಿದರು.

ದಂಡೆಗೆ ಬಂದು ನಾವಿಬ್ಬರೂ ನಿಂತೆವು. ಹೊಳೆ ಈ ದಂಡೆಯಿಂದ ಆ ದಂಡೆಗೆ ತುಂಬಿತ್ತು. ಕೆಂಪು ನೀರು ಸದ್ದಿಲ್ಲದೆ ಹೋಗುತ್ತಿತ್ತು, ಅಷ್ಟು ದೊಡ್ಡದು ಅಷ್ಟು ಮೆಲ್ಲಗೆ. ಮೋಡದ ಸಂದಿಯಿಂದ ಹೊತ್ತು ಮೂಡಿ ನೀರಿನ ಮೇಲೆ ಉದ್ದಕ್ಕೂ ಬೆಳಕು ಬಿತ್ತು. ನಾನು ಹುಟ್ಟಿದ ಊರಿನ ಹೊಳೆ, ಈ ದಂಡೆಯಲ್ಲೇ ಬಟ್ಟೆ ಒಗೆದವಳು ನಾನು. ಆದರೂ ಕೈ ತಾನಾಗಿ ಮುಗಿದುಕೊಂಡಿತು. ಯಜಮಾನರು ಕುಡುಗೋಲನ್ನು ಕಂಕುಳಲ್ಲಿಟ್ಟು ತಾವೂ ಕೈಮುಗಿದರು.

"ದಿನಾ ಹಿಂಗ ಇರತೈತೇನ?" ಅಂತ ನನ್ನನ್ನೇ ಕೇಳಿದರು.

"ನಿಮ್ಮ ಹೊಲ ಇಲ್ಲೇ ಐತೆಲ್ರಿ, ನಿಮಗ ಗೊತ್ತಿರಬೇಕು."

"ನನಗೆಲ್ಲಿ ಗೊತ್ತವಾ. ಈ ಹೊತ್ತಿನ್ಯಾಗ ನನ್ನ ಮಾರಿ ಎಮ್ಮಿ ಕಡೆ ಇರತೈತಿ."

ಅದರ ಹಿಂದ

ನಿಪ್ಪಾಣಿಯ ಪಕ್ಕದಲ್ಲೇ ತವಂದಿ ಗುಡ್ಡ. ಊರಿನಿಂದ ಅದರ ನೆತ್ತಿಯವರೆಗೆ ಎಲ್ಲೂ ನಿಲ್ಲದೆ ಓಡಬೇಕು ಅನ್ನುವುದು ನನ್ನ ಹಟ. ಶ್ರಾವಣದಲ್ಲಿ ಶುರು ಮಾಡಿದೆ. ಪ್ರತಿ ಸಲವೂ ಅರ್ಧಕ್ಕೇ ಉಸಿರು ಕಟ್ಟಿ, ಉಳಿದದ್ದನ್ನು ನಡೆದು ಹತ್ತುತ್ತಿದ್ದೆ.

ಮೇಲೆ ದಿನವೂ ಒಬ್ಬ ಕುರಿ ಕಾಯುವ ಮುದುಕ ಕಂಬಳಿ ಹೊದ್ದು ಕೂತಿರುತ್ತಿದ್ದ. ಒಂದು ದಿನ ಪಡುವಣಕ್ಕೆ ಕೋಲು ತೋರಿಸಿ ಮರಾಠಿಯಲ್ಲಿ, "ಬಘಾ ಬಾಯಿ, ತಿಕಡೆ ಸಮುದ್ರ!" ಅಂದ.

"ಸಮುದ್ರಾ? ಇಲ್ಲಿಂದ ಕಾಣತೈತಿ?"

ಅವನು ಕನ್ನಡಕ್ಕೆ ಬಂದ. "ಮೋಡ ಸರದ ಮ್ಯಾಲ ಕಾಣತೈತ್ರಿ."

ಶಾಲೆಯ ಹೊತ್ತು ಮರೆತು ಕೂತೆ. ಕೆಳಗೆ ನಿಪ್ಪಾಣಿಯ ತಂಬಾಕಿನ ಗೋದಾಮುಗಳ ತಗಡು ಮಿನುಗುತ್ತಿತ್ತು. ಹೊಲಗಳ ಮೇಲೆ ನೆರಳು ಓಡುತ್ತಿತ್ತು. ಒಂದು ಮೋಡವಂತೂ ನಮ್ಮ ಕಾಲ ಕೆಳಗೇ ಹೋಯಿತು. ನನ್ನ ಮನೆಯಿಂದ ಕಾಣುವ ಗುಡ್ಡದ ಮೇಲೆ ಇಂಥದ್ದೊಂದು ಜಗತ್ತು ಇಟ್ಟುಕೊಂಡು ಇಪ್ಪತ್ತು ವರ್ಷ ನಾನು ಒಳಗೆ ಕೂತು ಪೇಪರು ತಿದ್ದಿದೆನಲ್ಲ ಅಂತ ಕಣ್ಣು ತುಂಬಿ ಬಂತು. ಮುಕ್ಕಾಲು ತಾಸಾದ ಮೇಲೆ ಪಡುವಣದ ಮೋಡ ಸರಿಯಿತು. ಕಂಡದ್ದು ಇನ್ನೊಂದು ಗುಡ್ಡ.

ಮುದುಕ ಚೂರೂ ಅಳುಕಲಿಲ್ಲ. "ಅದರ ಹಿಂದ ಐತ್ರಿ."

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ಅತ್ತೆ ಕೇಳದವರಂತೆ ಕಾಳು ಆರಿಸುತ್ತಿದ್ದರು. ಹದಿನೈದು ದಿನ ಬಿಟ್ಟು ತಾವಾಗಿಯೇ ಕೇಳಿದರು, "ಅದರ ಹಿಂದಿಂದು ಕಾಣತೇನ?"

"ಅದರ ಹಿಂದ ಮತ್ತೊಂದ ಗುಡ್ಡ ಐತ್ರಿ ಅತ್ಯಾರ."

"ಮೊದಲ ನಿಲ್ಲದ ಹತ್ತ. ನಡ್ಕೋತ ಹೋದ್ರ ಸಮುದ್ರ ಕಾಯತೈತೇನ?"

ನಾಲ್ಕು ಮಂದಿ

ದೀಪಾವಳಿಗೆ ಎಂಟು ದಿನ ಉಳಿದಿತ್ತು. ಅದುವರೆಗೆ ಯಾರೂ ಬಾಗಿಲಿಗೆ ಬಂದಿರಲಿಲ್ಲ. ಶಾಲೆಗೆ ರಜೆಯಿದ್ದ ಆ ಐತವಾರ ನಾನು ಎಲ್ಲೂ ನಿಲ್ಲದೆ ತವಂದಿ ಗುಡ್ಡ ಹತ್ತಿಬಿಟ್ಟೆ! ಮೇಲಿನಿಂದಲೇ ಅತ್ತೆಗೆ ಫೋನು ಮಾಡಿದೆ. ಆ ಕಡೆಯಿಂದ "ಶಾಭಾಸ್!" ಅಂತ ಕೇಳಿಸಿತು. ಆ ಬಾಯಿಂದ ಆ ಮಾತು ನಾನು ಮೊದಲ ಸಲ ಕೇಳಿದ್ದು. ಮುದುಕನ ಪಕ್ಕ ಕೂತು ಹೊತ್ತು ಹೋದದ್ದೇ ತಿಳಿಯಲಿಲ್ಲ.

ಇಳಿದು ಬಂದರೆ ಮನೆ ಮುಂದೆ ಜೀಪು ನಿಂತಿದೆ. ಬಾಗಿಲಲ್ಲಿ ಚಪ್ಪಲಿಗಳ ಗುಂಪು, ಒಳಗೆ ಪಿಸುಮಾತು. ಅತ್ತೆಗೇ ಏನೋ ಆಯಿತು ಅಂತ ಬೂಟು ಬಿಚ್ಚದೆಯೇ ಒಳಗೆ ನುಗ್ಗಿದೆ. ನೋಡಿದರೆ ಚಿಕ್ಕೋಡಿಯಿಂದ ಅತ್ತೆಯ ತಮ್ಮ, ಅವರ ಹೆಂಡತಿ, ಇಬ್ಬರು ಮಕ್ಕಳು ಬಂದಿದ್ದಾರೆ. ಟವೆಲ್ಲು ಸುತ್ತಿಕೊಂಡು ಆಗತಾನೆ ಬಚ್ಚಲಿಂದ ಬಂದ ನನ್ನ ಗಂಡನನ್ನು ನಡುವೆ ಕೂರಿಸಿ, ಆ ಸೋದರಮಾವ ಬೆನ್ನು ಸವರುತ್ತಿದ್ದಾರೆ. "ಧೈರ್ಯಾ ತಗೋ. ವಯಸ್ಸ ಇನ್ನೂ ಭಾಳ ಆಗಿಲ್ಲ ನಿಂದು."

ಆಗಿದ್ದಿಷ್ಟು. ಖುಷಿ ತಡೆಯಲಾರದೆ ಅತ್ತೆ ತಮ್ಮನಿಗೆ ಫೋನು ಹಚ್ಚಿ, "ನಮ್ಮ ಸೊಸಿ ಓಡಿ ಹೋದ್ಲೋ ತಮ್ಮಾ!" ಅಂದಿದ್ದರು. ಗುಡ್ಡಕ್ಕ ಅನ್ನುವಷ್ಟರಲ್ಲಿ ಲೈನು ಕಟ್ಟಾಗಿತ್ತು. ತಿರುಗಿ ಹಚ್ಚಿದರೆ ಹತ್ತಲಿಲ್ಲ. ಜೀಪು ಹೊರಟಾಗಿತ್ತು. ಬಂದ ಮೇಲೆ ಅತ್ತೆ ಎಷ್ಟು ಬಿಡಿಸಿ ಹೇಳಿದರೂ, ಮಾನಕ್ಕೆ ಅಂಜಿ ಮುಚ್ಚಿಡುತ್ತಿದ್ದಾರೆ ಅಂತಲೇ ಅವರು ತಿಳಿದಿದ್ದರು.

"ಬಂದ್ಲು!" ಅಂತ ಮಾವನ ಹೆಂಡತಿ ಚೀರಿದರು.

ಮಾವ ಗಂಟಲು ಸರಿಮಾಡಿಕೊಂಡರು. "ಹೋದದ್ದ ಹೋಯ್ತು. ಖರೇ ಹೇಳ, ಯಾರ ಜೋಡಿ ಓಡಿ ಹೋಗಿದ್ದಿ?"

"ಒಬ್ಬಾಕೇ ಹೋಗಿದ್ದೆ ಮಾಮಾರ."

"ಒಬ್ಬಾಕೇ ಯಾರರೆ ಓಡಿ ಹೋಗತಾರೇನ?"

"ನಾ ದಿನಾ ಹೋಗತೀನ್ರಿ."

"ದಿನಾ?" ಮಾವ ನನ್ನ ಗಂಡನ ಕಡೆ ತಿರುಗಿದರು. "ನಿನಗ ಗೊತ್ತಿತ್ತ?"

"ಹೌದ್ರಿ," ಅಂದರು ಇವರು ಟವೆಲ್ಲು ಬಿಗಿ ಮಾಡುತ್ತ. "ಐತವಾರ ಸ್ವಲ್ಪ ದೂರ ಹೋಗತಾಳ."

ಆಗ ನನಗೆ ಲೆಕ್ಕ ಹೊಳೆಯಿತು. ಬಂದವರು ಸರಿಯಾಗಿ ನಾಲ್ಕು ಮಂದಿ. ನಮ್ಮ ಬಾಗಿಲಿಗೇ ಬಂದಿದ್ದರು, ಒಂದಲ್ಲ, ಹತ್ತು ಮಾತು ಅಂದಿದ್ದರು. ಕರಾರು ಕರಾರೇ. ಕೆಂಪು ಮಣ್ಣು ಮೆತ್ತಿದ ಬೂಟು ಬಿಚ್ಚಿ ಅತ್ತೆಯ ಮುಂದೆ ಇಟ್ಟೆ.

ಅತ್ತೆ ಬೂಟು ನೋಡಿದರು, ತಮ್ಮನನ್ನು ನೋಡಿದರು. ಆಮೇಲೆ ಕೈಯಲ್ಲಿದ್ದ ಮೊಬೈಲನ್ನು ನನ್ನ ಗಂಡನ ಕೈಗೆ ಕೊಟ್ಟರು.

"ಬೂಟ ಅಲ್ಲೇ ಇರಲಿ, ಆಕಿ ನಾಳೆ ಮತ್ತ ಓಡಿ ಹೋಗಬೇಕು. ಇದನ್ನ ಅಟ್ಟಕ್ಕ ಒಗಿ!"